ಐದು ಇಸಿಜಿ ನಾರ್ಮಲ್, ಆದರೂ ಕೈ ಕತ್ತಿನಿಂದ ಇಳಿಯುತ್ತಿಲ್ಲ

ಪ್ರಶ್ನೆ:

ನಮಸ್ಕಾರ ಮೇಡಂ. ನನಗೆ 24. ಹಾಸನ ಕಡೆಯವನು, ಬೆಂಗಳೂರಿನಲ್ಲಿ ಪಿಜಿಯಲ್ಲಿದ್ದೇನೆ. 2025ರ ಜೂನ್‌ನಲ್ಲಿ ನಮ್ಮ ಜಿಲ್ಲೆಯಿಂದ ಹಾರ್ಟ್ ಅಟ್ಯಾಕ್ ಸಾವಿನ ಸುದ್ದಿ ದಿನಾ ಬರುತ್ತಿತ್ತಲ್ಲ, ಆಗ ಶುರುವಾಗಿದ್ದು. ಅಮ್ಮ ಫೋನ್ ಮಾಡಿದಾಗಲೆಲ್ಲ "ಇವತ್ತೂ ಒಬ್ಬ ಹೋದನಂತೆ, ನಿನ್ನ ವಯಸ್ಸಿನವನೇ" ಅನ್ನುತ್ತಿದ್ದರು. ಒಂದು ರಾತ್ರಿ ಎದೆಯ ಎಡಗಡೆ ಚಳುಕು ಹೊಡೆಯಿತು. ಕೈ ಜೋಮು ಹಿಡಿಯಿತು, ಬಾಯಿ ಸುತ್ತ ಇರುವೆ ಹರಿದಂತಾಯಿತು, ಉಸಿರು ಸಾಲದು ಅನ್ನಿಸಿತು. ರೂಮ್‌ಮೇಟ್‌ನನ್ನು ಎಬ್ಬಿಸಿ ಆಟೋ ಹಿಡಿದು ಎಮರ್ಜೆನ್ಸಿಗೆ ಹೋದೆ. ಇಸಿಜಿ ನಾರ್ಮಲ್. ಗ್ಯಾಸ್ಟ್ರಿಕ್ ಅಂತ ಮಾತ್ರೆ ಕೊಟ್ಟು ಕಳಿಸಿದರು.

ಅಲ್ಲಿಂದ ಇಲ್ಲಿವರೆಗೆ ಐದು ಇಸಿಜಿ, ಎರಡು ಎಕೋ (ಹೃದಯದ ಸ್ಕ್ಯಾನ್), ಒಂದು ಟಿಎಂಟಿ (ಟ್ರೆಡ್‌ಮಿಲ್ ಟೆಸ್ಟ್) ಆಗಿದೆ. ಎಲ್ಲ ನಾರ್ಮಲ್. ರಿಪೋರ್ಟ್ ಕೈಗೆ ಬಂದ ಎರಡು ದಿನ ಆರಾಮ. ಮೂರನೇ ದಿನ "ಆಗ ಸರಿ ಇತ್ತು, ಈಗ?" ಅಂತ ತಲೆ ಕೊರೆಯುತ್ತದೆ. ಮೀಟಿಂಗ್‌ನಲ್ಲಿ ಕೂತಾಗಲೂ ಎರಡು ಬೆರಳು ಕತ್ತಿನ ನಾಡಿಯ ಮೇಲೇ ಇರುತ್ತವೆ. ಜಿಮ್ ಬಿಟ್ಟೆ, ಮೆಟ್ಟಿಲು ಹತ್ತುವುದಿಲ್ಲ, ಎಡ ಮಗ್ಗುಲಲ್ಲಿ ಮಲಗುವುದಿಲ್ಲ. ನನಗೆ ನಿಜವಾಗಿ ಏನಾಗಿದೆ? ಇನ್ನು ಯಾವ ಟೆಸ್ಟ್ ಮಾಡಿಸಿದರೆ ಖಚಿತವಾಗಿ ಗೊತ್ತಾಗುತ್ತದೆ?

ಉತ್ತರ (ಮನೋವೈದ್ಯೆ):

ಕೊನೆಯ ಪ್ರಶ್ನೆಗೇ ಮೊದಲು ಬರುತ್ತೇನೆ. ಅಂಥ ಟೆಸ್ಟ್ ಇಲ್ಲ. "ಇವನಿಗೆ ನಾಳೆ ಏನೂ ಆಗುವುದಿಲ್ಲ" ಅಂತ ಬರೆದುಕೊಡುವ ಯಂತ್ರ ಯಾವ ಆಸ್ಪತ್ರೆಯಲ್ಲೂ ಇಲ್ಲ. ನೀವು ಇಷ್ಟು ದಿನದಿಂದ ಹುಡುಕುತ್ತಿರುವುದು ಅದನ್ನೇ.

ಎದುರಿಗೆ ಕೂತು ಮಾತಾಡದೆ ಪಕ್ಕಾ ಹೇಳಬಾರದು. ಆದರೆ ನೀವು ಬರೆದಿರುವುದು ಕಾಯಿಲೆಯ ಭಯದ ಚಿತ್ರ. ಹಿಂದೆ ಇದಕ್ಕೆ ಹೈಪೋಕಾಂಡ್ರಿಯಾಸಿಸ್ ಅನ್ನುತ್ತಿದ್ದರು. ಆ ಹೆಸರು ಬೈಗುಳದ ಹಾಗೆ ಬಳಕೆಯಾಗಲು ಶುರುವಾಯಿತು. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಅದನ್ನು ಕೈಬಿಟ್ಟಿತು. ಒಂದು ಮಾತು ನೆನಪಿಟ್ಟುಕೊಳ್ಳಿ, ನೀವು ನಾಟಕ ಮಾಡುತ್ತಿಲ್ಲ. ಚಳುಕು ನಿಜ, ಜೋಮು ನಿಜ. ಅದಕ್ಕೆ ನೀವು ಹಚ್ಚಿದ ಅರ್ಥ ಮಾತ್ರ ತಪ್ಪು.

ಆ ರಾತ್ರಿಯದನ್ನೇ ತೆಗೆದುಕೊಳ್ಳಿ. ಚಳುಕು ಪಕ್ಕೆಲುಬಿನ ನಡುವಿನ ಸ್ನಾಯುವಿನದ್ದಿರಬಹುದು, ಹೊಟ್ಟೆಯದ್ದಿರಬಹುದು. ನೀವು ಹೆದರಿದಿರಿ. ಹೆದರಿದಾಗ ಉಸಿರಾಟ ಜೋರಾಗುತ್ತದೆ. ಜಾಸ್ತಿ ಉಸಿರಾಡಿದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ. ಅದು ಇಳಿದಾಗ ಬೆರಳು ಮತ್ತು ತುಟಿಯ ಸುತ್ತ ಜುಮುಜುಮು, ತಲೆ ಹಗುರ. ಗಾಳಿ ಜಾಸ್ತಿಯಾಗಿ ಒಳಗೆ ಹೋಗುತ್ತಿದ್ದರೂ "ಸಾಲದು" ಅನ್ನಿಸುತ್ತದೆ! ಪ್ಯಾನಿಕ್ ಅಟ್ಯಾಕ್ ಅನ್ನುವುದು ಇದಕ್ಕೇ. ಕೆಲವೇ ನಿಮಿಷದಲ್ಲಿ ತುದಿ ಮುಟ್ಟುತ್ತದೆ, ಆಮೇಲೆ ತಾನೇ ಇಳಿಯುತ್ತದೆ. ನಿಮ್ಮದು ಆಟೋದಲ್ಲೇ ಅರ್ಧ ಇಳಿದಿರಬೇಕು, ಅಲ್ವಾ?

ಈಗ ಒಂದು ಕೆಲಸ ಮಾಡಿ. ನಿಮ್ಮ ನಾಲಿಗೆ ಬಾಯಲ್ಲಿ ಎಲ್ಲಿ ಒರಗಿದೆ, ಗಮನಿಸಿ. ಇಷ್ಟು ಹೊತ್ತು ಅದರ ನೆನಪೇ ಇರಲಿಲ್ಲ. ಈಗ ಅದನ್ನು ಎಲ್ಲಿಡಬೇಕೋ ಗೊತ್ತಾಗುತ್ತಿಲ್ಲ. ಗಮನ ಹೋದ ಕಡೆ ದೇಹ ದೊಡ್ಡದಾಗಿ ಕೇಳಿಸುತ್ತದೆ. ಎದೆಬಡಿತ ಆಗಾಗ ಒಂದು ಹೆಜ್ಜೆ ತಪ್ಪಿದಂತಾಗುವುದು ಆರೋಗ್ಯವಂತರಿಗೂ ಉಂಟು. ನಿದ್ದೆ ಕೆಟ್ಟಾಗ, ಕಾಫಿ ಜಾಸ್ತಿಯಾದಾಗ ಇನ್ನೂ ಜಾಸ್ತಿ. ಉಳಿದವರಿಗೆ ಅದು ಗೊತ್ತೇ ಆಗುವುದಿಲ್ಲ, ನಿಮಗೆ ಒಂದೊಂದೂ ಗೊತ್ತಾಗುತ್ತದೆ. ಬೆರಳು ಅಲ್ಲೇ ಇದೆಯಲ್ಲ!

ಕಜ್ಜಿ ಕೆರೆದುಕೊಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಕೆರೆದಾಗ ಹಾಯೆನ್ನಿಸುತ್ತದೆ, ಆಮೇಲೆ ತುರಿಕೆ ಇನ್ನೂ ಹೆಚ್ಚು. ನಿಮ್ಮ ಐದು ಇಸಿಜಿಯಲ್ಲಿ ಮೊದಲನೆಯದು ತಪಾಸಣೆ. ಉಳಿದ ನಾಲ್ಕು ಕೆರೆತ.

ಹಾಸನದ ಸುದ್ದಿ ಏನೂ ಅಲ್ಲ ಅಂತ ನಾನು ಹೇಳುವುದಿಲ್ಲ. ಹೃದಯದ ಕಾಯಿಲೆ ನಮ್ಮ ಜನಕ್ಕೆ ಪಶ್ಚಿಮದವರಿಗಿಂತ ಬೇಗ ಬರುತ್ತದೆ. ಆದರೆ ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ಮಾಡಿತ್ತು. ಅದು 2025ರ ಜುಲೈನಲ್ಲಿ ವರದಿ ಕೊಟ್ಟಿತು. ಸಾವಿನ ಸಂಖ್ಯೆಯಲ್ಲಿ ಅಸಹಜ ಏರಿಕೆ ಕಂಡಿಲ್ಲ ಅಂದಿತು. ಸತ್ತವರಲ್ಲಿ ಹಲವರಿಗೆ ಬಿಪಿ, ಶುಗರ್, ಬೊಜ್ಜು, ಸಿಗರೇಟಿನಂಥ ಕಾರಣಗಳು ಇದ್ದವು. ಈ ವರದಿ ಬಂದಿದ್ದು ಎಷ್ಟು ಜನಕ್ಕೆ ಗೊತ್ತು? ಸಾವಿನ ಸುದ್ದಿ ಮಾತ್ರ ಎಲ್ಲರ ಫೋನಿಗೂ ಬಂತು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೋದಾಗಲೂ ಹೀಗೇ ಆಯಿತು. ಆಸ್ಪತ್ರೆಗಳ ಮುಂದೆ ಇಸಿಜಿಗೆ ಸಾಲು. "ಅಷ್ಟು ಫಿಟ್ ಇದ್ದವರಿಗೇ ಹೀಗಾದರೆ ನಮ್ಮ ಗತಿ ಏನು?" ಅಂತ ಎಲ್ಲರ ಬಾಯಲ್ಲೂ ಅದೇ ಮಾತು.

ಮಾಡಬೇಕಾದ್ದು ಏನು? ಬೆರಳಿನಿಂದ ಶುರು ಮಾಡೋಣ. ನಾಳೆ ಒಂದು ದಿನ ಸುಮ್ನೆ ಎಣಿಸಿ, ಎಷ್ಟು ಸಲ ನಾಡಿ ಹಿಡಿದಿರಿ ಅಂತ. ನಿಲ್ಲಿಸಬೇಡಿ, ಚೀಟಿಯಲ್ಲಿ ಗೀಟು ಹಾಕಿ. ನನ್ನ ಬಳಿ ಬಂದ ಒಬ್ಬ ಹುಡುಗ "ಹತ್ತಿರಬಹುದು" ಅಂದಿದ್ದ, ಚೀಟಿಯಲ್ಲಿ ತೊಂಬತ್ತು ದಾಟಿತ್ತು. ಮರುದಿನದಿಂದ, ಹಿಡಿಯಬೇಕು ಅನ್ನಿಸಿದಾಗ ಹತ್ತು ನಿಮಿಷ ಮುಂದಕ್ಕೆ ಹಾಕಿ. ಹತ್ತು ಆದ ಮೇಲೂ ಬೇಕಿದ್ದರೆ ಹಿಡಿಯಿರಿ. ವಾರ ಕಳೆದರೆ ಅದನ್ನು ಅರ್ಧ ಗಂಟೆ ಮಾಡಿ. ಆ ಹತ್ತು ನಿಮಿಷ ಕಷ್ಟವಾಗುತ್ತದೆ, ಆಗಲಿ. ಭಯ ಯಾರೂ ಸಮಾಧಾನ ಮಾಡದೆ ತಾನೇ ಇಳಿಯುವುದನ್ನು ನೀವು ಒಂದು ಸಲ ನೋಡಬೇಕು.

ಮೆಟ್ಟಿಲು ಹತ್ತಿ. ಟಿಎಂಟಿಯಲ್ಲಿ ನಿಮ್ಮನ್ನು ಓಡಿಸಿಯೇ ನೋಡಿದ್ದಾರೆ. ಗೂಗಲ್‌ನಲ್ಲಿ ಲಕ್ಷಣ ಹುಡುಕುವುದು ಬಂದ್. ವೈದ್ಯರು ಒಬ್ಬರೇ ಇರಲಿ. ಐದು ಕಡೆ ತೋರಿಸಿದರೆ ಐದು ಮಾತು ಬರುತ್ತವೆ, ಅದರಲ್ಲಿ ಹೆದರಿಸುವ ಮಾತೇ ಮನಸ್ಸಿನಲ್ಲಿ ನಿಲ್ಲುತ್ತದೆ.

ಇಷ್ಟರಲ್ಲಿ ತಗ್ಗದಿದ್ದರೆ ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆ ಇದೆ, ಇದಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಕೆಲವರಿಗೆ ಎಸ್ಸಿಟಲೋಪ್ರಾಂ, ಸರ್ಟ್ರಲೀನ್ ಥರದ ಮಾತ್ರೆ ಬೇಕಾಗುತ್ತದೆ. ಪರಿಣಾಮ ಕಾಣಲು 4ರಿಂದ 6 ವಾರ ಹಿಡಿಯುತ್ತದೆ. ವೈದ್ಯರು ಬರೆದುಕೊಟ್ಟರೆ ಮಾತ್ರ ತೆಗೆದುಕೊಳ್ಳಿ. ಸ್ನೇಹಿತರು ಕೊಡುವ ನಿದ್ದೆ ಮಾತ್ರೆ ಬೇಡವೇ ಬೇಡ, ಅಭ್ಯಾಸವಾಗಿಬಿಡುತ್ತದೆ. ದುಡ್ಡಿನ ತೊಂದರೆ ಇದ್ದರೆ ನಿಮ್ಹಾನ್ಸ್ ಇದೆ. ರಾತ್ರಿ ಎರಡು ಗಂಟೆಗೆ ಯಾರೂ ಸಿಗದಿದ್ದರೆ 14416 ಒತ್ತಿ. ಅದು ಸರ್ಕಾರದ ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಯಾವಾಗ ತಡ ಮಾಡಬಾರದು ಅನ್ನುವುದನ್ನೂ ಹೇಳಿಬಿಡುತ್ತೇನೆ. ಓಡುವಾಗ, ಭಾರ ಎತ್ತುವಾಗ ಎದೆ ಹಿಂಡಿದಂತಾಗಿ ನಿಂತರೆ ಕಡಿಮೆಯಾಗುವುದು. ನೋವು ದವಡೆಗೋ ತೋಳಿಗೋ ಹರಡಿ ತಣ್ಣನೆ ಬೆವರುವುದು. ಆಟವಾಡುತ್ತ ಎಚ್ಚರ ತಪ್ಪಿ ಬೀಳುವುದು. ಹೀಗಾದರೆ ಚೀಟಿ, ಗೀಟು ಎಲ್ಲ ಬಿಟ್ಟು 108ಕ್ಕೆ ಫೋನ್ ಮಾಡಿ. ಮನೆಯಲ್ಲಿ ಚಿಕ್ಕ ವಯಸ್ಸಿಗೇ ಯಾರಾದರೂ ಹಠಾತ್ತಾಗಿ ಹೋಗಿದ್ದರೆ ಹೃದ್ರೋಗ ವೈದ್ಯರಿಗೆ ಒಮ್ಮೆ ಆ ವಿಷಯ ಹೇಳಿ ತೋರಿಸಿಕೊಳ್ಳಿ.

ಮೊದಲು ಕೇಳಿದವರು:

ತುಂಬ ಥ್ಯಾಂಕ್ಸ್ ಮೇಡಂ. ಓದಿ ಅರ್ಧ ಜೀವ ಬಂತು. ಒಂದೇ ಒಂದು ಸಹಾಯ. ಕೊನೆಯ ಇಸಿಜಿಯ ಫೋಟೋ ಹಾಕಿದ್ದೇನೆ. ಎರಡನೇ ಸಾಲಿನಲ್ಲಿ ಒಂದು ಗೆರೆ ಸ್ವಲ್ಪ ಬೇರೆ ಥರ ಇದೆ. ಒಮ್ಮೆ ನೋಡಿ ಹೇಳಿಬಿಡಿ, ಸಾಕು.

ಮನೋವೈದ್ಯೆ:

ನೋಡುವುದಿಲ್ಲ. ಸಿಟ್ಟಿನಿಂದಲ್ಲ. ನೋಡಿ "ಸರಿ ಇದೆ" ಅಂದರೆ ನಿಮಗೆ ಇವತ್ತು ರಾತ್ರಿ ನಿದ್ದೆ ಬರುತ್ತದೆ, ನಾಡಿದ್ದು ಆರನೇ ಇಸಿಜಿ ಆಗುತ್ತದೆ. ಅದನ್ನು ತೆಗೆದ ವೈದ್ಯರು ಆಗಲೇ ನೋಡಿದ್ದಾರೆ. ಫೋಟೋ ಇಲ್ಲಿಂದ ತೆಗೆಯಿರಿ. ಈಗ ಶುರುವಾಯಿತಲ್ಲ, ಇದೇ ಮೊದಲ ಹತ್ತು ನಿಮಿಷ.

ಇನ್ನೊಬ್ಬರು:

ಮೇಡಂ, ನಾನು ಆಫರ್ ಇದೆ ಅಂತ ಫುಲ್ ಬಾಡಿ ಚೆಕಪ್ ಮಾಡಿಸಿದೆ, ಅರವತ್ತು ಚಿಲ್ಲರೆ ಟೆಸ್ಟ್. ನಾಲ್ಕರ ಮುಂದೆ ಕೆಂಪು ಗುರುತು. ವಯಸ್ಸು 27. ಅವತ್ತಿನಿಂದ ಊಟ ಸೇರುತ್ತಿಲ್ಲ.

ಮನೋವೈದ್ಯೆ:

ಲ್ಯಾಬಿನ ನಾರ್ಮಲ್ ಮಿತಿ ಹೇಗೆ ಹಾಕುತ್ತಾರೆ ಗೊತ್ತಾ? ಸಾಮಾನ್ಯವಾಗಿ ಆರೋಗ್ಯವಂತರನ್ನು ಅಳೆದು, ನೂರರಲ್ಲಿ 95 ಜನ ಒಳಗೆ ಬರುವಂತೆ ಗೆರೆ ಎಳೆಯುತ್ತಾರೆ. ಅಂದರೆ ಏನೂ ತೊಂದರೆ ಇಲ್ಲದ 5 ಜನ ಲೆಕ್ಕದ ಪ್ರಕಾರವೇ ಹೊರಗೆ. ಆ ಲೆಕ್ಕದಲ್ಲಿ ಅರವತ್ತು ಟೆಸ್ಟ್ ಮಾಡಿಸಿದ ಗಟ್ಟಿಮುಟ್ಟಾದ ಮನುಷ್ಯನಿಗೂ ಮೂರರಷ್ಟು ಕೆಂಪು ಗುರುತು ಬರಬಹುದು. ನಿಮ್ಮ ನಾಲ್ಕೂ ಹಾಗೇ ಅಂತ ನಾನು ಹೇಳಲಾರೆ. ವಿಟಮಿನ್ ಡಿ, ಹಿಮೋಗ್ಲೋಬಿನ್ ಥರದ್ದು ನಿಜವಾಗಿಯೂ ಕಡಿಮೆ ಇರಬಹುದು. ರಿಪೋರ್ಟನ್ನು ನಿಮ್ಮ ಹತ್ತಿರದ ಡಾಕ್ಟರಿಗೆ ಒಂದು ಸಲ ತೋರಿಸಿ. ಒಂದೊಂದು ಗುರುತನ್ನೂ ಫೋನ್‌ನಲ್ಲಿ ಹುಡುಕುತ್ತ ಕೂರಬೇಡಿ. ನನ್ನ ಅಭಿಪ್ರಾಯ ಕೇಳಿದರೆ, ಲಕ್ಷಣವೂ ಇಲ್ಲದ, ವೈದ್ಯರೂ ಹೇಳದ ಇಂಥ ಪ್ಯಾಕೇಜು ಭಯದ ಸ್ವಭಾವದವರಿಗೆ ದುಡ್ಡು ಕೊಟ್ಟು ಚಿಂತೆ ಕೊಂಡಂತೆ.

ಮತ್ತೊಬ್ಬರು:

ಡಾಕ್ಟ್ರೇ, ನನ್ನ ತಮ್ಮ ಸೆಕೆಂಡ್ ಪಿಯುಸಿ. ಕತ್ತಿನಲ್ಲಿ ಕಡಲೆಕಾಳಿಗಿಂತ ಚಿಕ್ಕ ಗಂಟು ಸಿಕ್ಕಿದೆ. ಕ್ಯಾನ್ಸರ್ ಅಂತ ಕೂತಿದ್ದಾನೆ. ಡಾಕ್ಟರ್ ನೋಡಿ "ನೆಗಡಿಯಾಗಿದ್ದಾಗ ಊದಿದ್ದು, ಏನಿಲ್ಲ" ಅಂದರು. ಆದರೂ ದಿನಕ್ಕೆ ಹತ್ತು ಸಲ "ಅಕ್ಕ, ಮುಟ್ಟಿ ನೋಡು, ದೊಡ್ಡದಾಗಿದೆಯಾ?" ಅನ್ನುತ್ತಾನೆ. ಮುಟ್ಟಿ "ಇಲ್ಲ ಕಣೋ" ಅನ್ನುತ್ತೇನೆ. ಅಪ್ಪ ಬೈಯುತ್ತಾರೆ. ಅಮ್ಮ ದೃಷ್ಟಿ ತೆಗೆದರು, ತಾಯತ ಕಟ್ಟಿಸಿದರು. ಏನು ಮಾಡಲಿ?

ಮನೋವೈದ್ಯೆ:

ದೃಷ್ಟಿ ತೆಗೆದಿದ್ದಕ್ಕೆ ನನ್ನ ತಕರಾರಿಲ್ಲಮ್ಮ, ಅದು ಅಮ್ಮನ ಪ್ರೀತಿ. ನನಗೆ ಚಿಂತೆ ನಿಮ್ಮ ಬೆರಳಿನದು. ಒಂದು ಸೆಂಟಿಮೀಟರಿಗಿಂತ ಚಿಕ್ಕದಾದ, ಜರುಗುವ ಗಂಟು ಹುಡುಗರ ಕತ್ತಿನಲ್ಲಿ ಸಿಗುವುದು ತೀರಾ ಸಾಮಾನ್ಯ. ಗಂಟಲು ನೋವು ಹೋದ ಮೇಲೂ ವಾರಗಟ್ಟಲೆ ಉಳಿಯುತ್ತದೆ. ದಿನವಿಡೀ ಒತ್ತಿದರೆ ಅದು ನೋಯುತ್ತದೆ. ನೊಂದರೆ ಅವನಿಗೆ "ನೋಡು, ಈಗ ನೋವೂ ಬಂತು" ಅನ್ನುವ ಸಾಕ್ಷಿ ಸಿಗುತ್ತದೆ. ಅವನು ಒತ್ತಿ, ನೀವು ಒತ್ತಿ, ಪಾಪದ ಗಂಟು ಏನು ಮಾಡೀತು?

ಬೈಯುವುದೂ ಬೇಡ, ಹತ್ತು ಸಲ "ಏನಿಲ್ಲ" ಅನ್ನುವುದೂ ಬೇಡ. ಅವನು ಸಮಾಧಾನದಲ್ಲಿರುವ ಹೊತ್ತು ನೋಡಿ ಮೊದಲೇ ಮಾತಾಡಿಕೊಳ್ಳಿ. "ಇನ್ನು ಮೇಲೆ ನಾನು ಮುಟ್ಟಿ ನೋಡುವುದಿಲ್ಲ. ಭಯ ಆದರೆ ಬಾ, ಪಕ್ಕದಲ್ಲಿ ಕೂರುತ್ತೇನೆ" ಅನ್ನಿ. ಕೇಳಿದಾಗ, "ಭಯ ಬಂದಿದೆ ಅಲ್ವಾ, ಬಾ, ಅಂಗಡಿವರೆಗೆ ಹೋಗಿ ಬರೋಣ" ಅನ್ನಿ. ಮೊದಲ ವಾರ ಜಗಳ ಆಗುತ್ತದೆ, ಸಿದ್ಧವಾಗಿರಿ. ಪರೀಕ್ಷೆ ಹತ್ತಿರ ಇದೆಯಾ ಅಂತಲೂ ನೋಡಿ. ಎಷ್ಟೋ ಸಲ ಹೇಳಲಾಗದ ಓದಿನ ಭಯ ಗಂಟಿನ ಭಯವಾಗಿ ಹೊರಗೆ ಬರುತ್ತದೆ.

ಗಂಟು ಬೆಳೆಯುತ್ತಾ ಹೋದರೆ, ಕಲ್ಲಿನಂತೆ ಗಟ್ಟಿಯಾದರೆ, ಜ್ವರ ಎರಡು ವಾರ ಬಿಡದಿದ್ದರೆ, ಸುಮ್ಮಸುಮ್ಮನೆ ತೂಕ ಇಳಿದರೆ ಮತ್ತೆ ಅದೇ ಡಾಕ್ಟರಿಗೆ ತೋರಿಸಿ. ಇದನ್ನು ನೀವು ನೆನಪಿಟ್ಟುಕೊಂಡರೆ ಸಾಕು, ಅವನಿಗೆ ಪಟ್ಟಿ ಮಾಡಿ ಕೊಡಬೇಡಿ. ದಿನಾ ತೂಕ ನೋಡಿಕೊಳ್ಳಲು ಶುರು ಮಾಡುತ್ತಾನೆ.

ಮೊದಲು ಕೇಳಿದವರು (ಇಪ್ಪತ್ತು ದಿನದ ಮೇಲೆ):

ಮೇಡಂ, ಲೆಕ್ಕ ಒಪ್ಪಿಸುತ್ತಿದ್ದೇನೆ. ಮೊದಲ ದಿನ ಚೀಟಿಯಲ್ಲಿ 64. ನಿನ್ನೆ 11. ಆರನೇ ಇಸಿಜಿ ಮಾಡಿಸಿಲ್ಲ, ಎರಡು ಸಲ ಆಸ್ಪತ್ರೆ ಗೇಟಿನವರೆಗೆ ಹೋಗಿ ವಾಪಸ್ ಬಂದೆ. ಅಮ್ಮನಿಗೂ ಹೇಳಿದೆ, ಸತ್ತವರ ಸುದ್ದಿ ನನಗೆ ಬೇಡಮ್ಮ ಅಂತ. ಈಗ ಹಸು ಕರು ಹಾಕಿದ್ದು, ಕಾಫಿ ರೇಟು ಹೇಳುತ್ತಾರೆ. ನಿನ್ನೆ ಮೆಟ್ರೋ ಸ್ಟೇಷನ್ ಮೆಟ್ಟಿಲು ಪೂರ್ತಿ ಹತ್ತಿದೆ. ಮೇಲೆ ಹೋದಾಗ ನಾಡಿ 132 ಇತ್ತು, ಜೀವ ಝಲ್ ಅಂದಿತು. ಬೆಂಚಿನ ಮೇಲೆ ಕೂತೆ. ಒಂದು ರೈಲು ಬಿಟ್ಟೆ. ಎರಡನೆಯದು ಬರುವಷ್ಟರಲ್ಲಿ ಇಳಿದಿತ್ತು. ಎಡ ಮಗ್ಗುಲಲ್ಲಿ ಮಾತ್ರ ಇನ್ನೂ ಮಲಗಿಲ್ಲ.

ಮನೋವೈದ್ಯೆ:

ಗೇಟಿನಿಂದ ವಾಪಸ್ ಬಂದಿದ್ದು ಮೆಟ್ಟಿಲಿಗಿಂತ ದೊಡ್ಡದು. ಎಡ ಮಗ್ಗುಲು ಮುಂದಿನ ವಾರಕ್ಕಿರಲಿ, ಮೊದಲು ಐದೇ ನಿಮಿಷ. ಅದಿರಲಿ, 132 ಅಂತ ಹೇಗೆ ಗೊತ್ತಾಯಿತು?

ಮೊದಲು ಕೇಳಿದವರು:

ವಾಚ್ ನೋಡಿದೆ ಮೇಡಂ. ಕತ್ತು ಮುಟ್ಟಿಲ್ಲ!

ಮನೋವೈದ್ಯೆ:

ಅದೂ ಚೀಟಿಗೇ ಸೇರುತ್ತದೆ. ನಿನ್ನೆಯದು 12 ಅಂತ ತಿದ್ದಿ. ನಾಳೆ ವಾಚ್ ರೂಮಿನಲ್ಲೇ ಬಿಟ್ಟು ಹತ್ತಿ.