ಪದಚರ್ಚೆ: ಸ್ಯಾಂಪಲ್ಲೂ ‘ಮಾದರಿ’, ಮಾಡೆಲ್ಲೂ ‘ಮಾದರಿ’ ಆದರೆ ಹೇಗೆ?

ಎಲ್ಲರಿಗೂ ನಮಸ್ಕಾರ.

ನನ್ನ ಪ್ರಶ್ನೆ ‘ಮಾದರಿ’ ಅನ್ನುವ ಒಂದೇ ಪದದ ಬಗ್ಗೆ. ಕನ್ನಡದಲ್ಲಿ ಸ್ಯಾಂಪಲ್‌ಗೂ ಅದೇ ಪದ, ಮಾಡೆಲ್‌ಗೂ ಅದೇ ಪದ. ಸ್ಯಾಂಪಲ್ ಅಂದರೆ ಪರೀಕ್ಷೆಗೆ ತೆಗೆದ ಚಿಕ್ಕ ಪಾಲು, ಮಾಡೆಲ್ ಅಂದರೆ ಲೆಕ್ಕದಲ್ಲಿ ಕಟ್ಟಿದ ಒಂದು ರೂಪ. ಎರಡೂ ಒಂದೇ ವಾಕ್ಯದಲ್ಲಿ ಬಂದರೆ ನೀವು ಏನು ಮಾಡುತ್ತೀರಿ?

ಯಾಕೆ ಕೇಳುತ್ತಿದ್ದೇನೆ ಅಂತ ಹೇಳಿಬಿಡುತ್ತೇನೆ. ನಾನು ಹಾಸನದಲ್ಲಿ ಕಂಪ್ಯೂಟರ್ ಸೈನ್ಸ್ ಪಿಎಚ್‌ಡಿ ಮಾಡುತ್ತಿದ್ದೇನೆ. ಊರು ಮೂಡಿಗೆರೆ ಕಡೆ. ಕಾಫಿ ಎಲೆಯ ಫೋಟೋ ನೋಡಿ ಎಲೆ ತುಕ್ಕು ರೋಗ ಇದೆಯೋ ಇಲ್ಲವೋ ಅಂತ ಕಂಪ್ಯೂಟರ್ ಹೇಳಬೇಕು, ಅದು ನನ್ನ ವಿಷಯ. ಪ್ರಬಂಧ ಇಂಗ್ಲಿಷಿನಲ್ಲಿದೆ. ಆದರೆ ತೋಟಕ್ಕೆ ಬಿಟ್ಟುಕೊಂಡವರು, ಜಿಗಣೆ ಕಚ್ಚಿಸಿಕೊಂಡು ಗಿಡಗಿಡ ತೋರಿಸಿದವರು ಆ ಪ್ರಬಂಧ ಓದುವುದಿಲ್ಲ. ಅವರಿಗಾಗಿ ಕನ್ನಡದಲ್ಲಿ ಹತ್ತು ಪುಟದ ಸಾರಾಂಶ ಬರೆದುಕೊಡುತ್ತೇನೆ ಅಂತ ಮಾತು ಕೊಟ್ಟಿದ್ದೇನೆ. ಕಳೆದ ತಿಂಗಳು ಅದರ ಮೊದಲ ಕರಡನ್ನು ಊರಿನಲ್ಲಿ ಏಳೆಂಟು ಬೆಳೆಗಾರರ ಮುಂದೆ ಓದಿದೆ. ಅದರಲ್ಲಿ ಈ ಸಾಲುಗಳಿದ್ದವು:

‘ಮೂರು ತೋಟಗಳಿಂದ ಎಲೆಯ ಮಾದರಿಗಳನ್ನು ಸಂಗ್ರಹಿಸಿ ಒಂದು ಮಾದರಿಯನ್ನು ತಯಾರಿಸಿದೆವು. ಈ ಮಾದರಿಗೆ ತರಬೇತಿ ನೀಡಿ ಹೊಸ ಮಾದರಿಗಳ ಮೇಲೆ ಪರೀಕ್ಷಿಸಿದಾಗ ಮಾದರಿಯು ಕೆಲವು ಕಡೆ ತಪ್ಪು ಮಾಡಿತು.’

ಬರೆಯುವಾಗ ನನಗೆ ಏನೂ ಅನ್ನಿಸಿರಲಿಲ್ಲ. ಮುಂದೆ ಕೂತಿದ್ದ ಹಿರಿಯರೊಬ್ಬರು ತಡೆದರು. ‘ಅಲ್ಲಮ್ಮಾ, ಎಲೆ ಹ್ಯಾಗೆ ತಪ್ಪು ಮಾಡ್ತದೆ? ತಪ್ಪು ಮಾಡಿದ್ದು ನಿನ್ನ ಕಂಪ್ಯೂಟರ್ರಾ, ನಾವು ಕೊಟ್ಟ ಎಲೆನಾ?’

ನಾನು ಸ್ವಲ್ಪ ಹೊತ್ತು ಸುಮ್ಮನಾಗಿಬಿಟ್ಟೆ. ಯಾಕೆಂದರೆ ನನ್ನ ಇಡೀ ಸಂಶೋಧನೆ ನಿಂತಿರುವುದು ಇದೇ ಪ್ರಶ್ನೆಯ ಮೇಲೆ.

ಒಂದು ನಿಜವಾದ ತಪ್ಪನ್ನೇ ತೆಗೆದುಕೊಳ್ಳಿ. ಬೇಸಿಗೆಯಲ್ಲಿ ಮಣ್ಣುರಸ್ತೆ ಪಕ್ಕದ ಗಿಡಗಳ ಮೇಲೆ ಕೆಂಪು ಧೂಳು ಕೂರುತ್ತದೆ. ನಮ್ಮ ಕಂಪ್ಯೂಟರ್ ಆ ಧೂಳನ್ನು ತುಕ್ಕು ಅಂತ ಹೇಳಿತು. ಇದಕ್ಕೆ ಎರಡು ಕಾರಣ ಇರಬಹುದು. ನಾವು ತಂದ ಎಲೆಗಳಲ್ಲಿ ಧೂಳು ಕೂತ ಎಲೆ ಒಂದೂ ಇಲ್ಲದೇ ಇರಬಹುದು. ಆಗ ಸ್ಯಾಂಪಲ್ ಸರಿಯಿಲ್ಲ. ಮತ್ತೆ ತೋಟಕ್ಕೆ ಹೋಗಬೇಕು. ಇಲ್ಲವೇ, ಧೂಳಿನ ಎಲೆಗಳನ್ನು ಕೊಟ್ಟಿದ್ದರೂ ಅದಕ್ಕೆ ವ್ಯತ್ಯಾಸ ಹಿಡಿಯಲು ಆಗದೇ ಇರಬಹುದು. ಆಗ ಮಾಡೆಲ್ ಸರಿಯಿಲ್ಲ. ಹಾಸನಕ್ಕೆ ಬಂದು ಕಂಪ್ಯೂಟರ್ ಮುಂದೆ ಕೂರಬೇಕು. ಎರಡಕ್ಕೂ ಮದ್ದು ಬೇರೆ ಬೇರೆ. ಕನ್ನಡದಲ್ಲಿ ಮಾತ್ರ ಎರಡೂ ಸಲ ‘ಮಾದರಿ ಸರಿಯಿಲ್ಲ’ ಅಂತಲೇ ಬರೆಯಬೇಕು. ಓದಿದವರಿಗೆ ಯಾರು ಎಲ್ಲಿಗೆ ಹೋಗಬೇಕು ಅಂತ ಹೇಗೆ ಗೊತ್ತಾಗಬೇಕು?

ಸ್ಯಾಂಪಲ್ ಸರಿಯಿಲ್ಲದಿದ್ದರೆ ಎಷ್ಟು ದುಬಾರಿ ಅನ್ನುವುದಕ್ಕೆ ನಮ್ಮ ಕ್ಷೇತ್ರದಲ್ಲಿ ಎಲ್ಲರೂ ಬಲ್ಲ ಒಂದು ಉದಾಹರಣೆ ಇದೆ. 2016ರಲ್ಲಿ ಪ್ಲಾಂಟ್‌ವಿಲೇಜ್ ಅನ್ನುವ ಸಂಗ್ರಹದ 54,306 ಎಲೆ ಚಿತ್ರಗಳ ಮೇಲೆ ಒಂದು ಅಧ್ಯಯನ ನಡೆಯಿತು. 14 ಬೆಳೆ, 26 ರೋಗ. ಅದೇ ಸಂಗ್ರಹದಿಂದ ಪಕ್ಕಕ್ಕೆ ತೆಗೆದಿಟ್ಟಿದ್ದ ಚಿತ್ರಗಳನ್ನು ತೋರಿಸಿದಾಗ ಕಂಪ್ಯೂಟರ್ ಶೇ. 99.35ರಷ್ಟು ಸರಿ ಹೇಳಿತು. ಬೇರೆ ಕಡೆ, ಬೇರೆ ಬೆಳಕಿನಲ್ಲಿ ತೆಗೆದ ಚಿತ್ರಗಳನ್ನು ತೋರಿಸಿದಾಗ ಅದು ಸುಮಾರು ಶೇ. 31ಕ್ಕೆ ಇಳಿಯಿತು. ಸಂಗ್ರಹದ ಚಿತ್ರಗಳಲ್ಲಿ ಒಂದೊಂದೇ ಎಲೆಯನ್ನು ಕಿತ್ತು, ಹಿಂದೆ ಏನೂ ಕಾಣದ ಹಾಗೆ ಇಟ್ಟು ತೆಗೆದದ್ದೇ ಜಾಸ್ತಿ. ತೋಟದಲ್ಲಿ ಎಲೆ ಹಾಗಿರುವುದಿಲ್ಲ ಅಲ್ವಾ? ನೆರಳಿರುತ್ತದೆ, ಸಿಲ್ವರ್ ಓಕ್ ಎಲೆ ಬಿದ್ದಿರುತ್ತದೆ, ಮೆಣಸಿನ ಬಳ್ಳಿ ಅಡ್ಡ ಬರುತ್ತದೆ. ಆ ಲೇಖಕರು ಈ ಇಳಿತವನ್ನು ತಾವೇ ಬರೆದಿದ್ದಾರೆ. ಅದನ್ನು ಓದಿದ ಮೇಲೆಯೇ ನಾನು ತೋಟದೊಳಗೆ ನಿಂತು ಫೋಟೋ ತೆಗೆಯಲು ಶುರು ಮಾಡಿದ್ದು.

ಈಗ ಪದಕ್ಕೆ ಬರೋಣ. ‘ಮಾದರಿ’ ಎಷ್ಟು ಕೆಲಸ ಮಾಡುತ್ತಿದೆ ನೋಡಿ. ಸರ್ಕಾರಿ ಮಾದರಿ ಹಿರಿಯ ಪ್ರಾಥಮಿಕ ಶಾಲೆ, ಮಾದರಿ ರೈತ ಅನ್ನುವಾಗ ‘ಉಳಿದವರು ನೋಡಿ ಕಲಿಯಬೇಕಾದ್ದು’ ಅಂತ ಅರ್ಥ. ಮಾದರಿ ಪ್ರಶ್ನೆಪತ್ರಿಕೆ ಅಂದರೆ ‘ಇದೇ ಥರ ಇರುತ್ತದೆ’ ಅಂತ. ಮಣ್ಣಿನ ಮಾದರಿ, ರಕ್ತದ ಮಾದರಿ ಅಂದರೆ ದೊಡ್ಡದರಿಂದ ತೆಗೆದ ಚಿಕ್ಕ ಪಾಲು. ಹವಾಮಾನ ಮಾದರಿ, ಗಣಿತ ಮಾದರಿ ಅಂದರೆ ಲೆಕ್ಕದಲ್ಲಿ ಕಟ್ಟಿದ ಒಂದು ರೂಪ. 2020ರಲ್ಲಿ ಕೊರೊನಾ ಬಂದಾಗ ಗಂಟಲು ದ್ರವದ ‘ಮಾದರಿ’ಯೂ, ರೋಗ ಎಷ್ಟು ಹರಡುತ್ತದೆ ಅನ್ನುವ ಗಣಿತದ ‘ಮಾದರಿ’ಯೂ ಪತ್ರಿಕೆಯ ಭಾಷೆಯಲ್ಲಿ ಒಟ್ಟೊಟ್ಟಿಗೆ ಓಡಾಡಿದವು. ಬೇರೆ ಬೇರೆ ಸುದ್ದಿಯಲ್ಲಿ ಇದ್ದದ್ದರಿಂದ ಯಾರಿಗೂ ತೊಂದರೆ ಆಗಲಿಲ್ಲ. ನನ್ನ ಕೆಲಸದಲ್ಲಿ ಒಂದರಿಂದ ಇನ್ನೊಂದು ಹುಟ್ಟುತ್ತದೆ. ಅಲ್ಲಿಯೇ ತೊಡಕು.

ಮೊದಲು ಸ್ಯಾಂಪಲ್ ಕಡೆ ನೋಡಿದೆ. ‘ನಮೂನೆ’ ಅಂತ ಒಬ್ಬ ಗೆಳತಿ ಹೇಳಿದಳು. ಹಳೆಯ ಪದ, ಚೆನ್ನಾಗಿದೆ. ಆದರೆ ಈಗ ಅದು ಕಚೇರಿಯ ಪದವಾಗಿ ಕೂತಿದೆ. ಅರ್ಜಿ ನಮೂನೆ, ಮತದಾರರ ಪಟ್ಟಿಗೆ ಹೆಸರು ಸೇರಿಸುವ ನಮೂನೆ 6. ನಮ್ಮ ಕಡೆ ‘ಅದೊಂದು ನಮೂನೆ’ ಅಂದರೆ ‘ಅದೊಂದು ಥರ’ ಅಂತ. ಎಲೆಯ ನಮೂನೆ ಅಂದರೆ ಎಲೆಯ ಜಾತಿ ಅಂದುಕೊಳ್ಳುತ್ತಾರೆ.

ಅಪ್ಪನನ್ನು ಕೇಳಿದರೆ ‘ಸ್ಯಾಂಪಲ್ ಅಂದ್ರೆ ಸ್ಯಾಂಪಲ್ಲೇ’ ಅಂದರು. ಅವರು ಹೇಳಿದ್ದು ಸುಮ್ನೆ ಅಲ್ಲ. ಕಾಫಿ ಮಾರುವಾಗ ವ್ಯಾಪಾರಿ ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಿ ಒಂದಿಷ್ಟು ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, ತೆಗೆಯುತ್ತಾರೆ. ಸಿಪ್ಪೆ ಬಿಡಿಸಿ ಬೀಜ ತೂಗಿ ಓಟಿ ಹೇಳುತ್ತಾರೆ. 50 ಕೆ.ಜಿ. ಚೀಲದ ಚೆರ್ರಿಯಿಂದ ಎಷ್ಟು ಕೆ.ಜಿ. ಬೀಜ ಸಿಗುತ್ತದೆ ಅನ್ನುವುದೇ ಓಟಿ. 26 ಬಂದರೆ ಒಂದು ರೇಟು, 28 ಬಂದರೆ ಇನ್ನೊಂದು. ವರ್ಷದ ದುಡಿಮೆ ಆ ಒಂದು ಹಿಡಿಯ ಮೇಲೆ ನಿಂತಿರುತ್ತದೆ. ಚೀಲದ ಯಾವ ಭಾಗದಿಂದ ತೆಗೆದರು, ಒದ್ದೆ ಇದ್ದ ಕಡೆಯಿಂದಲಾ ಒಣಗಿದ ಕಡೆಯಿಂದಲಾ ಅಂತ ಎಲ್ಲರೂ ಕಣ್ಣಿಟ್ಟು ನೋಡುತ್ತಾರೆ. ಸಂಖ್ಯಾಶಾಸ್ತ್ರದ ತರಗತಿಯಲ್ಲಿ ನಾನು ಒಂದು ಸೆಮಿಸ್ಟರ್ ಕಲಿತದ್ದು ಅವರಿಗೆ ಕಣ್ಣಳತೆಯಲ್ಲೇ ಗೊತ್ತು. ಹೀಗೆ ಬೇರು ಬಿಟ್ಟ ಪದವನ್ನು ಕಿತ್ತು ಬೇರೆ ನೆಡುವುದು ನನಗೆ ಸರಿ ಕಾಣುವುದಿಲ್ಲ.

ಅಮ್ಮ ಇನ್ನೊಂದು ಮಾತು ಹೇಳಿದರು. ಅನ್ನ ಬೆಂದಿದೆಯಾ ಅಂತ ನೋಡಲು ಒಂದು ಅಗುಳು ಸಾಕು ಅನ್ನುತ್ತೇವಲ್ಲ, ಅದು ಗ್ಯಾಸ್ ಒಲೆಯ ಚಿಕ್ಕ ಪಾತ್ರೆಗೆ ಸರಿಯಂತೆ. ‘ಮದುವೆ ಮನೆ ಕಟ್ಟಿಗೆ ಒಲೇಲಿ ತಳದ್ದೊಂದು, ಮೇಲಿನದೊಂದು ನೋಡ್ಬೇಕು ಕಣೆ’ ಅಂದರು. ಇದಕ್ಕಿಂತ ಚೆನ್ನಾಗಿ ಸ್ಯಾಂಪಲ್ ತೆಗೆಯುವ ಕ್ರಮವನ್ನು ನಾನು ವಿವರಿಸಲಾರೆ. ಅಮ್ಮನ ಈ ಮಾತನ್ನು ಹಾಗೆಯೇ ಸಾರಾಂಶದಲ್ಲಿ ಹಾಕಿಕೊಂಡಿದ್ದೇನೆ. ‘ಅಗುಳು’ ಅನ್ನುವುದನ್ನೇ ಪಾರಿಭಾಷಿಕ ಪದ ಮಾಡುವ ಆಸೆಯೂ ಆಯಿತು. ಆದರೆ ‘ರಕ್ತದ ಅಗುಳು’ ಅಂತ ಯಾರೂ ಅನ್ನಲಾರರು. ಬಿಟ್ಟೆ.

ಕಷ್ಟ ಇರುವುದು ಮಾಡೆಲ್ ಕಡೆ.

ವಿಜ್ಞಾನದಲ್ಲಿ ಮಾಡೆಲ್ ಅಂದರೆ ಏನು ಅನ್ನುವುದನ್ನು ಮೊದಲು ಹೇಳಬೇಕು. 1950ರಲ್ಲಿ ಅಮೆರಿಕದ ಎನಿಯಾಕ್ ಕಂಪ್ಯೂಟರಿನಲ್ಲಿ ಮೊದಲ ಬಾರಿಗೆ ಹವಾಮಾನದ ಮುನ್ಸೂಚನೆ ಲೆಕ್ಕ ಹಾಕಿದರು. 24 ಗಂಟೆಯ ಮುನ್ಸೂಚನೆಗೆ ಹೆಚ್ಚುಕಡಿಮೆ 24 ಗಂಟೆಯೇ ಹಿಡಿಯಿತು. ಅದಕ್ಕಾಗಿ ಅವರು ವಾತಾವರಣವನ್ನು ಒಂದೇ ಪದರ ಅಂತ ಇಟ್ಟುಕೊಂಡರು. ಮಿಕ್ಕಿದ್ದನ್ನು ಬೇಕೆಂದೇ ಬಿಟ್ಟರು. ಏನನ್ನು ಇಟ್ಟುಕೊಳ್ಳಬೇಕು, ಏನನ್ನು ಬಿಡಬೇಕು ಅನ್ನುವ ತೀರ್ಮಾನದಲ್ಲೇ ಮಾಡೆಲ್‌ನ ಜೀವ ಇದೆ.

ಈ ಕಾರಣಕ್ಕೆ ‘ಪಡಿಯಚ್ಚು’, ‘ಪ್ರತಿರೂಪ’ ಎರಡೂ ನನಗೆ ಹಿಡಿಸಲಿಲ್ಲ. ಪಡಿಯಚ್ಚು ಶಾಸನ ಓದುವವರ ಪದ. ಬೇಲೂರು ತಾಲ್ಲೂಕಿನವರಿಗೆ, ಹಲ್ಮಿಡಿ ಇರುವ ತಾಲ್ಲೂಕಿನವರಿಗೆ, ಇದನ್ನು ವಿವರಿಸಬೇಕಾಗಿಲ್ಲ. ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಬ್ರಷ್‌ನಲ್ಲಿ ಬಡಿದು, ಮಸಿ ಹಚ್ಚಿ ತೆಗೆಯುತ್ತಾರೆ. ಅಕ್ಷರದ ಜೊತೆ ಕಲ್ಲಿನ ಬಿರುಕೂ ಬರುತ್ತದೆ, ಬರಲೇಬೇಕು. ಬಿಟ್ಟರೆ ಅದು ಕೆಟ್ಟ ಪಡಿಯಚ್ಚು. ಮಾಡೆಲ್ ಇದಕ್ಕೆ ಪೂರ್ತಿ ಉಲ್ಟಾ. ಎಲೆಯ ಮೇಲಿನ ಪ್ರತಿ ಧೂಳಿನ ಕಣವನ್ನೂ ನೆನಪಿಟ್ಟುಕೊಂಡರೆ ಅದು ಕೆಟ್ಟ ಮಾಡೆಲ್. ಆ ದೋಷಕ್ಕೆ ನಮ್ಮಲ್ಲಿ ಒಳ್ಳೆಯ ಪದ ಆಗಲೇ ಇದೆ: ಬಾಯಿಪಾಠ. ಮಗ್ಗಿ ಒಪ್ಪಿಸುವ ಮಗು ಅಂಗಡಿಯಲ್ಲಿ ಚಿಲ್ಲರೆ ಲೆಕ್ಕಕ್ಕೆ ತಡವರಿಸುತ್ತದಲ್ಲ, ಹಾಗೆ. ಇದರ ಬಗ್ಗೆ ನನಗೆ ಅನುಮಾನವೇ ಇಲ್ಲ, ಚರ್ಚೆಯೂ ಬೇಕಿಲ್ಲ.

ಹಾಗಾದರೆ ‘ಮಾಡೆಲ್’ ಅಂತಲೇ ಬರೆದರೆ? ಅದನ್ನೂ ಯೋಚಿಸಿದೆ. ಆದರೆ ನಮ್ಮ ಮಾತಿನಲ್ಲಿ ಮಾಡೆಲ್ ಆಗಲೇ ಬೇರೆ ಅರ್ಥಕ್ಕೆ ಹೊರಟುಹೋಗಿದೆ. ‘ಯಾವ ಮಾಡೆಲ್ ಜೀಪು?’ ಅಂದರೆ ಯಾವ ವರ್ಷದ್ದು ಅಂತ. ‘ಹಳೇ ಮಾಡೆಲ್ ಫೋನು’ ಅಂದರೆ ಹಳತು ಅಂತ. ‘ನಮ್ಮ ಮಾಡೆಲ್ ತಪ್ಪಿತು’ ಅಂದರೆ ಊರಿನಲ್ಲಿ ಯಾರಿಗೂ ಏನೂ ತಟ್ಟುವುದಿಲ್ಲ.

ಕೊನೆಗೆ ಉತ್ತರದ ಅರ್ಧ ಸಿಕ್ಕಿದ್ದು ಅಪ್ಪನ ಮಳೆ ಪುಸ್ತಕದಲ್ಲಿ. ತೋಟದವರ ಮನೆಯಲ್ಲಿ ಮಳೆ ಬರೆದಿಡುವುದು ರೂಢಿ. ಇಂಚು, ಸೆಂಟ್ ಲೆಕ್ಕದಲ್ಲಿ. ಇಂಚಿನ ನೂರನೇ ಒಂದು ಪಾಲು ಒಂದು ಸೆಂಟ್. ಫೆಬ್ರವರಿ–ಮಾರ್ಚ್‌ನ ಹೂಮಳೆ ಎಷ್ಟು ಬಂತು, ಅದರ ಹಿಂದೆ ಬ್ಯಾಕಿಂಗ್ ಮಳೆ (ಕಾಯಿ ಕಚ್ಚಲು ಬೇಕಾದ ಮಳೆ) ಎಷ್ಟು ದಿನಕ್ಕೆ ಬಂತು ಅಂತ ನೋಡಿ, ಈ ಸಲ ಇಷ್ಟು ಚೀಲ ಅಂತ ಅಪ್ಪ ಹೇಳುತ್ತಾರೆ. ಅದು ಮಾಡೆಲ್ ಅಲ್ಲದೆ ಇನ್ನೇನು? ಎಷ್ಟೋ ಸಂಗತಿ ಬಿಟ್ಟು ಎರಡು ಮೂರನ್ನು ಹಿಡಿದು, ಮುಂದಿನದನ್ನು ಹೇಳುವುದು. ಅದು ತಪ್ಪಿದ ವರ್ಷ ಮನೆಯಲ್ಲಿ ನಡೆಯುವ ಮಾತು ಇದು: ‘ಮಳೆ ಅಳತೆ ತಪ್ಪಿತಾ, ಲೆಕ್ಕಾಚಾರ ತಪ್ಪಿತಾ?’

ನನಗೆ ಬೇಕಾಗಿದ್ದ ವಾಕ್ಯ ಇದೇ. ನಮ್ಮ ಮನೆಯ ಕನ್ನಡ ಆ ಎರಡನ್ನೂ ಬೇರೆ ಬೇರೆಯಾಗಿಯೇ ಇಟ್ಟುಕೊಂಡಿದೆ. ಗಂಟು ಹಾಕಿದ್ದು ನನ್ನ ಕರಡು.

ಇನ್ನು ‘ತರಬೇತಿ’. ಮಾಡೆಲ್‌ಗೆ ತರಬೇತಿ ಕೊಟ್ಟೆವು ಅಂದರೆ ಹೊಲಿಗೆ ತರಬೇತಿ, ಶಿಕ್ಷಕರ ತರಬೇತಿ ನೆನಪಾಗುತ್ತದೆ. ‘ಪಳಗಿಸು’ ಅಂತ ಕೆಲವರು ಬರೆಯುತ್ತಾರೆ. ಸಕಲೇಶಪುರ, ಆಲೂರು ಕಡೆಯವರಿಗೆ ಪಳಗಿಸುವುದು ಅಂದರೆ ಆನೆ. ಪಳಗಿಸಬೇಕಾದರೆ ಮೊದಲು ಅದಕ್ಕೊಂದು ಸ್ವಂತ ಇಷ್ಟ, ಹಟ ಇರಬೇಕು. ಕಂಪ್ಯೂಟರಿನೊಳಗೆ ಅಂಥದ್ದೇನೂ ಇಲ್ಲ. ಅಲ್ಲಿರುವುದು ಸಂಖ್ಯೆಗಳು, ಒಂದೊಂದೂ ತಿರುಗಿಸಬಹುದಾದ ತಿರುಪಿನ ಹಾಗೆ. 2012ರಲ್ಲಿ ಹೆಸರಾದ, ಚಿತ್ರ ನೋಡಿ ಅದರಲ್ಲಿ ಏನಿದೆ ಅಂತ ಹೇಳುವ ಮಾಡೆಲ್ ಅಲೆಕ್ಸ್‌ನೆಟ್‌ನಲ್ಲಿ ಅಂಥ ಸುಮಾರು 6 ಕೋಟಿ ತಿರುಪುಗಳಿದ್ದವು. ಸುಮಾರು 12 ಲಕ್ಷ ಚಿತ್ರಗಳನ್ನು ಮತ್ತೆ ಮತ್ತೆ ತೋರಿಸಿ, ಎಷ್ಟು ತಪ್ಪಿತು ಅಂತ ಅಳೆದು, ಎಲ್ಲವನ್ನೂ ಚೂರುಚೂರೇ ತಿರುಗಿಸುತ್ತಾ ಹೋದರು. ಎರಡು ಗ್ರಾಫಿಕ್ಸ್ ಕಾರ್ಡ್‌ಗಳಿಗೆ ಐದಾರು ದಿನ ಹಿಡಿಯಿತು. ಸ್ವಲ್ಪ ತಿರುಗಿಸು, ನೋಡು, ಇನ್ನೂ ಸ್ವಲ್ಪ ತಿರುಗಿಸು. ಇದು ಪಾಕ ಹದಕ್ಕೆ ತರುವ ಕೆಲಸ. ‘ಹದಕ್ಕೆ ತಂದೆವು’ ಅಂತ ಬರೆಯಲು ನನಗೆ ತುಂಬ ಇಷ್ಟ. ಹದ ಮೀರಿದರೆ ಕೆಡುತ್ತದೆ ಅನ್ನುವುದೂ ಆ ಮಾತಿನೊಳಗೇ ಇದೆ. ಜಾಸ್ತಿ ಹೊತ್ತು ತಿರುಗಿಸಿದರೆ ಬಾಯಿಪಾಠಕ್ಕೆ ಬೀಳುತ್ತದೆ, ನಿಜವಾಗಿಯೂ ಹಾಗೇ ಆಗುತ್ತದೆ.

ಹೊಸ ಕರಡು ಈಗ ಹೀಗಿದೆ:

‘ಮೂರು ತೋಟಗಳಿಂದ ಎಲೆಯ ಸ್ಯಾಂಪಲ್ ತಂದೆವು. ಅವುಗಳ ಫೋಟೋ ತೋರಿಸಿ ಕಂಪ್ಯೂಟರಿನ ಲೆಕ್ಕಾಚಾರವನ್ನು ಹದಕ್ಕೆ ತಂದೆವು. ಹೊಸ ಎಲೆಗಳನ್ನು ತೋರಿಸಿದಾಗ ಲೆಕ್ಕಾಚಾರ ಕೆಲವು ಕಡೆ ತಪ್ಪಿತು. ನಮ್ಮ ಸ್ಯಾಂಪಲ್‌ನಲ್ಲಿ ಧೂಳು ಕೂತ ಎಲೆಗಳು ಇರಲಿಲ್ಲ.’

ಆ ಹಿರಿಯರಿಗೆ ಫೋನ್ ಮಾಡಿ ಇದನ್ನು ಓದಿ ಹೇಳಿದೆ. ‘ಹಂಗಾದ್ರೆ ರಸ್ತೆ ಕಡೆ ಗಿಡದ್ದು ಬೇಕಲ್ಲ ನಿಂಗೆ. ಭಾನುವಾರ ಬಾ, ಕೆಳಗಿನ ಬೇಲಿ ಹತ್ರ ತೋರಿಸ್ತೀನಿ’ ಅಂದರು. ನಾನು ‘ಬರ್ತೀನಿ ದೊಡ್ಡಪ್ಪಾ’ ಅಂದೆ. ಐದು ‘ಮಾದರಿ’ ತೆಗೆದು ಹಾಕಿದ್ದಕ್ಕೆ ಆದ ಕೆಲಸ ಇದು.

ಆದರೆ ಬೆಳೆಗಾರರ ಸಾರಾಂಶಕ್ಕೆ ಒದಗಿದ್ದು ಎಲ್ಲ ಕಡೆಗೂ ಒದಗುವುದಿಲ್ಲ. ‘ಲೆಕ್ಕಾಚಾರ’ ಒಂದು ಕೆಲಸದ ಹೆಸರು, ವಸ್ತುವಿನ ಹೆಸರಲ್ಲ. ‘ಎರಡು ಲೆಕ್ಕಾಚಾರಗಳನ್ನು ಫೋನಿಗೆ ಹಾಕಿದೆ’ ಅಂದರೆ ಕಿವಿಗೆ ಒಗ್ಗುವುದಿಲ್ಲ. ರಾಜಕೀಯ ಲೆಕ್ಕಾಚಾರದ ನೆರಳೂ ಅದರ ಮೇಲಿದೆ. ಕಾಲೇಜಿನ ಹುಡುಗರಿಗೆ ಕನ್ನಡದಲ್ಲಿ ಒಂದು ಲೇಖನ ಬರೆಯಬೇಕೆಂದಿದ್ದೇನೆ. ಅಲ್ಲಿ ‘ಮಾದರಿ’ಯನ್ನು ಪೂರ್ತಿ ಮಾಡೆಲ್‌ಗೇ ಬಿಟ್ಟು, ಸ್ಯಾಂಪಲ್‌ಗೆ ಸ್ಯಾಂಪಲ್ ಅಂತಲೇ ಬರೆಯೋಣ ಅನ್ನುವ ಕಡೆಗೆ ನನ್ನ ಮನಸ್ಸು ವಾಲುತ್ತಿದೆ. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ‘ಮಣ್ಣಿನ ಮಾದರಿ’ ಅಂತ ಓದಿ ಬೆಳೆದವರಿಗೆ ಇದು ಅಡ್ಡ ಬರುತ್ತದಾ?

ಇನ್ನೂ ಒಂದು. ಅರಸೀಕೆರೆ ಕಡೆ ಕೊಬ್ಬರಿ ಕೊಳ್ಳುವಾಗ, ತರೀಕೆರೆ ಕಡೆ ಅಡಿಕೆ ಕೊಳ್ಳುವಾಗ, ಹಾಸನದ ಆಲೂಗಡ್ಡೆ ಮಂಡಿಯಲ್ಲಿ, ರಾಶಿಯಿಂದ ಪರೀಕ್ಷೆಗೆ ತೆಗೆಯುವ ಹಿಡಿಗೆ ಏನನ್ನುತ್ತಾರೆ? ಸ್ಯಾಂಪಲ್ ಅನ್ನುವುದಕ್ಕೆ ಮುಂಚೆ ಹಿರಿಯರು ಹೇಳುತ್ತಿದ್ದ ಪದ ಯಾರ ಮನೆಯಲ್ಲಾದರೂ ಉಳಿದಿದ್ದರೆ ದಯವಿಟ್ಟು ತಿಳಿಸಿ. ಯಾವ ಊರಿನದು, ಯಾವ ಬೆಳೆಗೆ ಹೇಳುತ್ತಿದ್ದರು ಅನ್ನುವುದನ್ನೂ ಬರೆಯಿರಿ. ಸಾರಾಂಶ ಇನ್ನೂ ಅಚ್ಚಿಗೆ ಹೋಗಿಲ್ಲ, ತಿದ್ದಲು ಸಮಯ ಇದೆ.