ಹಳೆಯ ಅಮೆರಿಕನ್ ಸಾಹಿತ್ಯ ಪತ್ರಿಕೆಗಳು: ಬೈಂಡ್ ಆದ ಸಂಪುಟ ಕೊಳ್ಳುವುದಾ, ಬಿಡಿ ಸಂಚಿಕೆಗೆ ಕಾಯುವುದಾ?

ಚಾರ್ಲ್ಸ್‌ದಂಡೆ:
ಎಲ್ಲರಿಗೂ ನಮಸ್ಕಾರ. ನಾನು ಬಾಸ್ಟನ್ ಹತ್ತಿರ ಇದ್ದೇನೆ. 19ನೇ ಶತಮಾನದ ಅಮೆರಿಕನ್ ಸಾಹಿತ್ಯ ಪತ್ರಿಕೆಗಳನ್ನು ಸಂಗ್ರಹಿಸಬೇಕು ಅಂತ ಬಹಳ ದಿನದ ಆಸೆ. ಪೋ, ಹಾಥಾರ್ನ್, ಮೆಲ್ವಿಲ್ ಇವರ ಎಷ್ಟೋ ಕಥೆಗಳು ಪುಸ್ತಕವಾಗುವ ಮೊದಲು ಪತ್ರಿಕೆಯಲ್ಲೇ ಬಂದವು. ಅವತ್ತಿನ ಓದುಗ ಹಿಡಿದ ಹಾಳೆಯನ್ನೇ ನಾನೂ ಹಿಡಿದು ಓದಬೇಕು, ಅಷ್ಟೇ. ಮಾರಿ ಲಾಭ ಮಾಡುವ ಯೋಚನೆ ಇಲ್ಲ.

ಈಗ ಒಬ್ಬ ವ್ಯಾಪಾರಿಯ ಹತ್ತಿರ ಗ್ರಹಾಮ್ಸ್ ಮ್ಯಾಗಜೀನ್‌ನ 1841ರ ಮೊದಲ ಆರು ತಿಂಗಳ ಸಂಪುಟ ಬಂದಿದೆ. ಏಪ್ರಿಲ್ ಸಂಚಿಕೆಯಲ್ಲಿ ಪೋ ಬರೆದ 'ದಿ ಮರ್ಡರ್ಸ್ ಇನ್ ದಿ ರೂ ಮಾರ್ಗ್' ಇದೆ, ಪತ್ತೇದಾರಿ ಕಥೆ ಅನ್ನುವುದು ಶುರುವಾಗಿದ್ದೇ ಅಲ್ಲಿಂದ ಅನ್ನುತ್ತಾರಲ್ಲ, ಅದು. ಚರ್ಮದ ಬೆನ್ನು ಸವೆದಿದೆ, ಒಳಗೆ ಅಲ್ಲಲ್ಲಿ ಕಂದು ಚುಕ್ಕೆಗಳಿವೆ. ಮೂಲ ಕವರ್ ಒಂದೂ ಇಲ್ಲ. ಇದನ್ನು ತೆಗೆದುಕೊಳ್ಳಲಾ, ಇಲ್ಲ ಕವರ್ ಸಮೇತ ಬಿಡಿ ಸಂಚಿಕೆ ಸಿಗುವವರೆಗೆ ಕಾಯಲಾ? ತಿಳಿದವರು ಹೇಳಿ.

ಹಳೇಪುಟ:
ತೆಗೆದುಕೊಳ್ಳಿ, ಯೋಚಿಸಬೇಡಿ. ಅದೇ ಸಂಪುಟದ ಮೇ ಸಂಚಿಕೆಯಲ್ಲಿ 'ಎ ಡಿಸೆಂಟ್ ಇಂಟು ದಿ ಮೇಲ್‌ಸ್ಟ್ರಾಮ್' ಕೂಡ ಇದೆ. ಒಂದೇ ರಟ್ಟಿನೊಳಗೆ ಪೋನ ಎರಡು ದೊಡ್ಡ ಕಥೆಗಳ ಮೊದಲ ಮುದ್ರಣ. ಮೊದಲ ಖರೀದಿಗೆ ಇನ್ನೇನು ಬೇಕು?

ಕವರ್ ಇಲ್ಲದಿರುವುದು ಮಾಮೂಲು. ಆಗಿನ ಚಂದಾದಾರರು ಆರು ತಿಂಗಳ ಸಂಚಿಕೆಗಳನ್ನು ಕೂಡಿಟ್ಟು ಬೈಂಡ್ ಮಾಡಿಸುತ್ತಿದ್ದರು. ಪ್ರಕಾಶಕರೇ ಅದಕ್ಕೆಂದು ಸಂಪುಟದ ಶೀರ್ಷಿಕೆ ಪುಟ, ಪರಿವಿಡಿ ಮುದ್ರಿಸಿ ಕೊಡುತ್ತಿದ್ದರು. ಬೈಂಡರ್ ತೆಳ್ಳನೆಯ ಕವರನ್ನೂ ಜಾಹೀರಾತಿನ ಹಾಳೆಗಳನ್ನೂ ಕಿತ್ತು ಎಸೆಯುತ್ತಿದ್ದ. ಹಾಗಾಗಿ ಇವತ್ತು ಸಂಪುಟಗಳು ಸಾಕಷ್ಟು ಸಿಗುತ್ತವೆ, ಕವರ್ ಉಳಿದ ಬಿಡಿ ಸಂಚಿಕೆ ಸಿಗುವುದೇ ಅಪರೂಪ. ಸಿಕ್ಕರೂ ಪೋ ಇರುವ ಸಂಚಿಕೆಯ ಬೆಲೆ ನಮ್ಮಂಥವರ ಕೈಗೆ ಎಟುಕುವುದಿಲ್ಲ.

ದುಡ್ಡು ಕೊಡುವ ಮುಂಚೆ ಒಂದೊಂದು ಪುಟವನ್ನೂ ತಿರುವಿ ನೋಡಿ. ಮುಖ್ಯವಾಗಿ ಚಿತ್ರಗಳು. ಗ್ರಹಾಮ್ಸ್ ಹೆಸರು ಮಾಡಿದ್ದೇ ಚಿತ್ರಗಳಿಂದ, ಜಾನ್ ಸಾರ್ಟೇನ್ ಲೋಹದ ತಗಡಿನಲ್ಲಿ ಕೆತ್ತಿ ಅಚ್ಚು ಹಾಕಿದ ಮೆಜೊಟಿಂಟ್ ಚಿತ್ರಗಳಿಗಾಗಿಯೇ ಜನ ಚಂದಾ ಕಟ್ಟುತ್ತಿದ್ದರು. ಆಮೇಲೆ ಬಂದವರು ಅವುಗಳನ್ನು ಕತ್ತರಿಸಿ, ಚೌಕಟ್ಟು ಹಾಕಿಸಿ, ಒಂದೊಂದಾಗಿ ಮಾರಿದರು. ಗ್ರಹಾಮ್ಸ್ ಹಾಗೆ ಫಿಲಡೆಲ್ಫಿಯಾದ್ದೇ ಆದ ಗೋಡೀಸ್ ಲೇಡೀಸ್ ಬುಕ್ ಪತ್ರಿಕೆಗೆ ಇನ್ನೂ ಕೆಟ್ಟ ಗತಿ ಬಂತು. ಅದರಲ್ಲಿ ಕೈಯಲ್ಲಿ ಬಣ್ಣ ತುಂಬಿದ ಫ್ಯಾಷನ್ ಚಿತ್ರಗಳು ಇರುತ್ತಿದ್ದವು, ಹೆಂಗಸರು ಕೂತು ಒಂದೊಂದಕ್ಕೂ ಬಣ್ಣ ಹಚ್ಚುತ್ತಿದ್ದರು. ಈಗ ಆ ಚಿತ್ರ ಉಳಿದ ಸಂಪುಟ ಹುಡುಕಬೇಕು. ಆದರೆ ನಿಮ್ಮ ಹಾಗೆ ಕಥೆ ಓದಲು ಬೇಕು ಅನ್ನುವವರಿಗೆ ಇದರಿಂದ ಒಂದು ಅನುಕೂಲವೂ ಇದೆ: ಚಿತ್ರ ಹೋದ ಸಂಪುಟವನ್ನು ಅಗ್ಗಕ್ಕೆ ಬಿಟ್ಟುಬಿಡುತ್ತಾರೆ. 1846ರ ನವೆಂಬರ್ ಗೋಡೀಸ್‌ನಲ್ಲಿ 'ದಿ ಕಾಸ್ಕ್ ಆಫ್ ಅಮೊಂಟಿಯಾಡೊ' ಇದೆ. ಚಿತ್ರ ಇರಲಿ ಬಿಡಲಿ, ಸಿಕ್ಕರೆ ಬಿಡಬೇಡಿ.

ಇನ್ನೊಂದು ಮಾತು. ಕಥೆಯ ಹಾಳೆಗಳನ್ನಷ್ಟೇ ಸಂಪುಟದಿಂದ ಹರಿದು ಮಾರುವವರಿದ್ದಾರೆ. ಅಂಥದ್ದನ್ನು ಕೊಳ್ಳಬೇಡಿ. ನಾವು ಕೊಂಡಷ್ಟೂ ಇನ್ನೊಂದು ಸಂಪುಟ ಹರಿಯುತ್ತಾರೆ.

ರದ್ದಿಪ್ರೇಮಿ:
ಹಳೇಪುಟ ಅವರ ಮಾತು ಅರ್ಧ ಒಪ್ಪುತ್ತೇನೆ. ಹರಿದ ಹಾಳೆ ಬೇಡ, ಸರಿ. ಆದರೆ ಕವರ್ ಇಲ್ಲದಿದ್ದರೂ ನಡೆಯುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಕಥೆ ಓದಲು ಕಾಗದವೇ ಬೇಕಾಗಿಲ್ಲ ಅಲ್ವಾ? ಕಾರ್ನೆಲ್ ಮತ್ತು ಮಿಶಿಗನ್ ವಿಶ್ವವಿದ್ಯಾಲಯಗಳ 'ಮೇಕಿಂಗ್ ಆಫ್ ಅಮೆರಿಕ'ದಲ್ಲಿ, ಹಾಥಿಟ್ರಸ್ಟ್‌ನಲ್ಲಿ, ಇಂಟರ್ನೆಟ್ ಆರ್ಕೈವ್‌ನಂಥ ಆನ್‌ಲೈನ್ ಸಂಗ್ರಹಗಳಲ್ಲಿ ಆ ಕಾಲದ ಎಷ್ಟೋ ಪತ್ರಿಕೆಗಳ ಪುಟಗಳು ಬಿಟ್ಟಿಯಾಗಿ ಸಿಗುತ್ತವೆ. ಆದರೆ ಅವು ಹೆಚ್ಚಾಗಿ ಗ್ರಂಥಾಲಯದ ಬೈಂಡ್ ಆದ ಸಂಪುಟಗಳಿಂದ ತೆಗೆದ ಚಿತ್ರಗಳು. ಬೈಂಡರ್ ಕಿತ್ತೆಸೆದದ್ದು ಅಲ್ಲೂ ಇಲ್ಲ. ಸಂಚಿಕೆಯ ಬೆಲೆ, ಯಾವ ಊರಲ್ಲಿ ಯಾರು ಏಜೆಂಟ್, ಸಂಪಾದಕ ಓದುಗರಿಗೆ ಹೇಳಿದ ಮಾತು, ಪುಸ್ತಕ ಮತ್ತು ಔಷಧಿಯ ಜಾಹೀರಾತು ಇವೆಲ್ಲ ಕವರ್ ಮೇಲೇ ಇರುತ್ತಿತ್ತು. ಪತ್ರಿಕೆ ಹೇಗೆ ಬದುಕಿತ್ತು ಅಂತ ತಿಳಿಯುವುದೇ ಅದರಿಂದ. ನಮ್ಮಂಥ ಸಣ್ಣ ಸಂಗ್ರಹಕಾರರು ನಿಜವಾಗಿ ಉಳಿಸಬಹುದಾದದ್ದು ಅದನ್ನೇ.

ಇನ್ನು, ಸುಮ್ನೆ ಪೋ ಹಿಂದೆಯೇ ಯಾಕೆ ಓಡುತ್ತೀರಿ? ದುಡ್ಡಿದ್ದವರೆಲ್ಲ ಅಲ್ಲೇ ಇದ್ದಾರೆ. ನೀವು ಬಾಸ್ಟನ್ ಹತ್ತಿರ ಇದ್ದೀರಿ, ಲೋವೆಲ್ ಊರು ಪಕ್ಕದಲ್ಲೇ ಇದೆ. ಅಲ್ಲಿನ ಬಟ್ಟೆ ಗಿರಣಿಗಳಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿಯರು 1840ರಿಂದ 1845ರವರೆಗೆ 'ಲೋವೆಲ್ ಆಫರಿಂಗ್' ಅಂತ ಪತ್ರಿಕೆ ತಂದರು. ಕಥೆ, ಕವಿತೆ, ಪ್ರಬಂಧ ಎಲ್ಲ ಅವರವೇ. ಸ್ವಲ್ಪ ಕಾಲದ ನಂತರ ಸಂಪಾದಕಿಯರೂ ಗಿರಣಿಯಲ್ಲಿ ದುಡಿದವರೇ ಆದರು, ಹ್ಯಾರಿಯೆಟ್ ಫಾರ್ಲಿ ಮತ್ತು ಹ್ಯಾರಿಯೆಟ್ ಕರ್ಟಿಸ್. ಗಂಟೆ ಹೊಡೆದಾಗ ಎದ್ದು, ದಿನಕ್ಕೆ ಹನ್ನೆರಡು ಗಂಟೆಗೂ ಜಾಸ್ತಿ ಮಗ್ಗದ ಮುಂದೆ ನಿಂತು, ರಾತ್ರಿ ಬೋರ್ಡಿಂಗ್ ಮನೆಯಲ್ಲಿ ಕೂತು ಬರೆದದ್ದು ಅದು. ಡಿಕನ್ಸ್ 1842ರಲ್ಲಿ ಲೋವೆಲ್‌ಗೆ ಬಂದಿದ್ದಾಗ ಅದರ ನಾನ್ನೂರು ಪುಟ ಓದಿ ಹೊಗಳಿ ಬರೆದ. ಗಿರಣಿ ಮಾಲೀಕರ ವಿರುದ್ಧ ಸಾಕಷ್ಟು ದನಿ ಎತ್ತಲಿಲ್ಲ ಅಂತ ಆಗಲೇ ಕೆಲವು ಕಾರ್ಮಿಕ ಹೆಂಗಸರು ಈ ಪತ್ರಿಕೆಯನ್ನು ಟೀಕಿಸಿದ್ದರು, ಅದರಲ್ಲಿ ಹುರುಳಿದೆ. ಆದರೂ ಒಂದು ಸಂಚಿಕೆ ಕೈಗೆ ಬಂದರೆ ಅದು ಗ್ರಹಾಮ್ಸ್‌ಗಿಂತ ನನಗೆ ಹೆಚ್ಚು.

ಸಂಜೆಓದು:
ನಮ್ಮ ಕಡೆಯ ಓದುಗರಿಗೆ ಇನ್ನೊಂದು ದಾರಿ ಇದೆ, ಭಾರತದ ನಂಟು ಇರುವ ಸಂಚಿಕೆ ಹುಡುಕುವುದು. ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

'ದಿ ಡಯಲ್' ನೋಡಿ. ಬಾಸ್ಟನ್‌ನ ತ್ರೈಮಾಸಿಕ, ಜುಲೈ 1840ರಿಂದ ಏಪ್ರಿಲ್ 1844, ಒಟ್ಟು 16 ಸಂಚಿಕೆ. ಮೊದಲು ಮಾರ್ಗರೆಟ್ ಫುಲ್ಲರ್ ಸಂಪಾದಕಿ, ಆಮೇಲೆ ಕವಿ, ಚಿಂತಕ ಎಮರ್ಸನ್. ಚಂದಾದಾರರು ಕೆಲವೇ ನೂರು, ಹಾಗಾಗಿ ಪ್ರತಿಗಳೂ ಕಡಿಮೆ. ಎಮರ್ಸನ್ ಬಂದ ಮೇಲೆ ಪೂರ್ವ ದೇಶಗಳ ಗ್ರಂಥಗಳಿಂದ ಆಯ್ದು ಹಾಕುವ ಒಂದು ಮಾಲೆ ಶುರುಮಾಡಿದ. 1842ರ ಜುಲೈನಲ್ಲಿ ಮೊದಲ ಕಂತು ಯಾರದ್ದು ಗೊತ್ತಾ? ವಿಷ್ಣುಶರ್ಮನದ್ದು! ಚಾರ್ಲ್ಸ್ ವಿಲ್ಕಿನ್ಸ್ ಮಾಡಿದ ಹಿತೋಪದೇಶದ ಅನುವಾದದಿಂದ ತೆಗೆದ ಸಾಲುಗಳು. 1843ರ ಜನವರಿಯಲ್ಲಿ ಮನುವಿನ ಗ್ರಂಥದಿಂದ, ಮರುವರ್ಷದ ಜನವರಿಯಲ್ಲಿ ಬುದ್ಧನ ಉಪದೇಶ. ಈ ಸಂಚಿಕೆಗಳನ್ನು ಹುಡುಕಿ.

ಮುಂದೆ ನವೆಂಬರ್ 1857ರಲ್ಲಿ ಅಟ್ಲಾಂಟಿಕ್ ಮಂತ್ಲಿಯ ಮೊಟ್ಟಮೊದಲ ಸಂಚಿಕೆ ಬಂತು. ಅದರಲ್ಲಿ ಎಮರ್ಸನ್ನನ 'ಬ್ರಹ್ಮ' ಕವಿತೆ ಇದೆ, ಲೇಖಕರ ಹೆಸರು ಹಾಕುತ್ತಿರಲಿಲ್ಲ. ಮೊದಲ ಪದ್ಯ ಓದಿದರೆ ಗೀತೆಯ 'ಯ ಏನಂ ವೇತ್ತಿ ಹಂತಾರಂ' ತಾನಾಗೇ ನೆನಪಾಗುತ್ತದೆ. ಅಲ್ಲಿನ ಓದುಗರಿಗೆ ತಲೆಬುಡ ತಿಳಿಯಲಿಲ್ಲ, ಅಣಕು ಪದ್ಯಗಳನ್ನು ಬರೆದರು. ಅಟ್ಲಾಂಟಿಕ್ ಜಾಸ್ತಿ ಮುದ್ರಣವಾದ ಪತ್ರಿಕೆ, ಮೊದಲ ಸಂಪುಟ ಈಗಲೂ ಹುಡುಕಿದರೆ ಸಿಗುತ್ತದೆ.

ಸಿಗದೇ ಇರುವುದು 'ಈಸ್ತೆಟಿಕ್ ಪೇಪರ್ಸ್'. ಎಲಿಜಬೆತ್ ಪೀಬಡಿ 1849ರಲ್ಲಿ ತಂದ ಒಂದೇ ಒಂದು ಸಂಚಿಕೆ, ಎರಡನೆಯದು ಬರಲೇ ಇಲ್ಲ. ಥೋರೋ ಸರ್ಕಾರಕ್ಕೆ ಅಸಹಕಾರ ತೋರುವ ಬಗ್ಗೆ ಬರೆದ ಪ್ರಬಂಧ ಮೊದಲು ಅಚ್ಚಾಗಿದ್ದು ಅದರಲ್ಲೇ. ಗಾಂಧೀಜಿ ಅದನ್ನು ಓದಿ, 1907ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ 'ಇಂಡಿಯನ್ ಒಪಿನಿಯನ್'ನಲ್ಲಿ ಅದರ ಭಾಗಗಳನ್ನು ಹಾಕಿದರು. ಕೊಳ್ಳುವುದು ಕನಸೇ ಸರಿ, ಆದರೆ ವೂಸ್ಟರ್‌ನ ಅಮೆರಿಕನ್ ಆಂಟಿಕ್ವೇರಿಯನ್ ಸೊಸೈಟಿಯ ಗ್ರಂಥಾಲಯದಂಥ ಕಡೆ ಕೇಳಿದರೆ ನೋಡಲಾದರೂ ದಾರಿ ಇದೆ. ಪೀಬಡಿಯ ಪುಸ್ತಕದಂಗಡಿ ಇದ್ದ ಬಾಸ್ಟನ್‌ನ ವೆಸ್ಟ್ ಸ್ಟ್ರೀಟ್‌ನಲ್ಲೇ ಈಗ ಬ್ರಾಟಲ್ ಬುಕ್ ಶಾಪ್ ಇದೆ, ಹಳೆಯ ಪುಸ್ತಕಗಳಿಗೆ ಹೆಸರಾದದ್ದು. ಅಲ್ಲಿಗೆ ಹೋಗುತ್ತಿರಿ.

ಚಾರ್ಲ್ಸ್‌ದಂಡೆ:
ವಿಷ್ಣುಶರ್ಮನ ವಿಷಯ ನನಗೆ ಗೊತ್ತೇ ಇರಲಿಲ್ಲ, ಬಹಳ ಖುಷಿಯಾಯಿತು. ಡಯಲ್ ಪಟ್ಟಿಗೆ ಸೇರಿತು. ಎರಡು ಪ್ರಶ್ನೆ ಉಳಿದಿದೆ. ಜೇಮ್ಸ್ ರಸೆಲ್ ಲೋವೆಲ್ ತಂದ 'ದಿ ಪಯೊನೀರ್' ಬಗ್ಗೆ ಓದಿದ್ದೇನೆ, ಅದು ಎಲ್ಲಾದರೂ ಸಿಗುತ್ತದಾ? ಮತ್ತೆ, ಮುಂದೆ ಮಂಗಳೂರಿಗೆ ವಾಪಸ್ ಬರುವ ಯೋಚನೆ ಇದೆ. ಇವುಗಳನ್ನು ಅಲ್ಲಿ ಇಡಬಹುದಾ?

ಹಳೇಪುಟ:
ಪಯೊನೀರ್ ಬಂದಿದ್ದೇ ಮೂರು ಸಂಚಿಕೆ, 1843ರ ಜನವರಿ, ಫೆಬ್ರವರಿ, ಮಾರ್ಚ್. ಜನವರಿಯಲ್ಲಿ ಪೋನ 'ದಿ ಟೆಲ್-ಟೇಲ್ ಹಾರ್ಟ್', ಮಾರ್ಚ್‌ನಲ್ಲಿ ಹಾಥಾರ್ನ್‌ನ 'ದಿ ಬರ್ತ್-ಮಾರ್ಕ್'. ಮೂರೇ ತಿಂಗಳು ಬದುಕಿದ ಪತ್ರಿಕೆಯಲ್ಲಿ ಇಂಥ ಎರಡು ಕಥೆ! ಲೋವೆಲ್ ಕಣ್ಣಿನ ಚಿಕಿತ್ಸೆಗೆ ನ್ಯೂಯಾರ್ಕ್‌ಗೆ ಹೋಗಬೇಕಾಯಿತು, ಸಂಚಿಕೆ ಹೊತ್ತಿಗೆ ಸರಿಯಾಗಿ ಬರಲಿಲ್ಲ, ಪತ್ರಿಕೆ ನಿಂತು ತಲೆ ಮೇಲೆ ಸಾಲ ಬಂತು. ಮುಂದೆ ಅಟ್ಲಾಂಟಿಕ್‌ಗೆ ಮೊದಲ ಸಂಪಾದಕನಾಗಿದ್ದು ಇದೇ ಲೋವೆಲ್. ಪ್ರತಿ ಎಂದಾದರೊಮ್ಮೆ ಹರಾಜಿಗೆ ಬರುತ್ತದೆ, ಅದರ ಹಿಂದೆ ಬೀಳಬೇಡಿ.

ಕಡಲತೀರ:
ಎರಡನೇ ಪ್ರಶ್ನೆಗೆ ನಾನು ಹೇಳುತ್ತೇನೆ, ಉಡುಪಿಯಲ್ಲಿ ಹಳೆಯ ಕಾಗದ ಇಟ್ಟುಕೊಂಡಿದ್ದೇನೆ. 1840ರ ದಶಕದ ಪತ್ರಿಕೆಗಳು ಚಿಂದಿ ಬಟ್ಟೆಯಿಂದ ಮಾಡಿದ ಕಾಗದದ ಮೇಲಿವೆ. ಕಂದು ಚುಕ್ಕೆ ಬಂದರೂ ಹಾಳೆ ಇನ್ನೂ ಬಗ್ಗುತ್ತದೆ. ಮರದ ತಿರುಳಿನ ಕಾಗದ ಬಳಕೆಗೆ ಬಂದ ಮೇಲಿನವು, ಅಂದರೆ 1870ರ ನಂತರದವು, ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತವೆ. ನಿಮ್ಮ ಗ್ರಹಾಮ್ಸ್ ಗಟ್ಟಿ ಇದೆ, ಹೆದರಬೇಡಿ.

ಕರಾವಳಿಯಲ್ಲಿ ಶತ್ರು ಮಳೆಗಾಲದ ತೇವ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೂಷ್ಟು ಹಿಡಿಯುತ್ತದೆ, ಬೆಳ್ಳಿಮೀನು ಹುಳ ಬರುತ್ತದೆ. ತೇವಾಂಶ ನೂರಕ್ಕೆ 50ರ ಆಸುಪಾಸಿನಲ್ಲಿ ಇರುವ ಹಾಗೆ ಒಂದು ಸಣ್ಣ ಕೋಣೆಗೆ ಡಿಹ್ಯುಮಿಡಿಫೈಯರ್ ಹಾಕಿ. ಆಮ್ಲವಿಲ್ಲದ ಪೆಟ್ಟಿಗೆಗಳನ್ನು ಅಮೆರಿಕದಿಂದಲೇ ತನ್ನಿ. ಹೊರಗಿನ ಗೋಡೆಗೆ ತಾಗಿಸಿ ಕಪಾಟು ಇಡಬೇಡಿ. ಹರಿದ ಕಡೆ ಸೆಲೋಟೇಪ್ ಖಂಡಿತ ಬೇಡ. ಲ್ಯಾಮಿನೇಷನ್ ಮಾಡಿಸಿ ಅಂತ ಯಾರಾದರೂ ಹೇಳಿದರೆ ಕೇಳಲೇಬೇಡಿ. ಆ ಕೋಣೆ ತಯಾರಾಗುವ ತನಕ ಸಂಪುಟಗಳು ಬಾಸ್ಟನ್‌ನಲ್ಲೇ ಇರಲಿ.