ನಮ್ಮ ಸಿನಗಾಗ್‌ನಲ್ಲಿ ಪಾಠ ಶುರು ಮಾಡಬೇಕು, ನಡೆಸಿದವರು ಅನುಭವ ಹೇಳಿ

ಪ್ರಶ್ನೆ (ನ್ಯೂಜೆರ್ಸಿಯಿಂದ):
ನಾನು ಶಿವಮೊಗ್ಗದವಳು, ಮದುವೆಯಾಗಿ ಯಹೂದಿ ಮನೆ ಸೇರಿದವಳು. ನಮ್ಮ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, ಚಿಕ್ಕದು. ಮಕ್ಕಳು, ಹದಿಹರೆಯದವರು, ದೊಡ್ಡವರು, ಮೂರೂ ಗುಂಪಿಗೆ ಧರ್ಮದ, ಹೀಬ್ರೂ ಭಾಷೆಯ ಪಾಠ ಶುರು ಮಾಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಹಿಂದೊಮ್ಮೆ ಶುರುವಾಗಿ ಎರಡೇ ವರ್ಷಕ್ಕೆ ನಿಂತುಹೋಗಿತ್ತಂತೆ. ಎಲ್ಲಿಂದ ಶುರು ಮಾಡಲಿ?

ಷಿಕಾಗೋದಿಂದ:
ಅಕ್ಕಾ, ನಾನೂ ನಿಮ್ಮ ಹಾಗೆಯೇ ಮದುವೆಯಾಗಿ ಬಂದವಳು. ಭಾನುವಾರದ ಶಾಲೆಯಲ್ಲಿ ಆರು ವರ್ಷದಿಂದ ಸಣ್ಣ ಮಕ್ಕಳಿಗೆ ಕಲಿಸುತ್ತಿದ್ದೇನೆ. ಹೀಬ್ರೂವಿನಲ್ಲಿ 22 ಅಕ್ಷರ, ಬಲದಿಂದ ಎಡಕ್ಕೆ ಓದಬೇಕು. ಮಕ್ಕಳು ಅದನ್ನು ಬೇಗ ಹಿಡಿದರು, ತೊಡಕಾಗಿದ್ದು ಅಕ್ಷರದ ಕೆಳಗೆ ಬರುವ ಸ್ವರದ ಗೆರೆ, ಚುಕ್ಕೆಗಳಲ್ಲಿ. ಒಂದು ವರ್ಷ ಪುಸ್ತಕ ಹಿಡಿದು ಒದ್ದಾಡಿದ ಮೇಲೆ ನನಗೆ ನಮ್ಮ ಕಾಗುಣಿತ ನೆನಪಾಯಿತು. ಬ ಸದ್ದಿನ ಬೆಟ್ ಅಕ್ಷರದ ಕೆಳಗೆ ಅಡ್ಡಗೆರೆ ಇದ್ದರೆ ಬ, ಒಂದು ಚುಕ್ಕೆ ಇದ್ದರೆ ಬಿ, ಪಕ್ಕಪಕ್ಕ ಎರಡು ಚುಕ್ಕೆ ಇದ್ದರೆ ಬೇ. ನಮ್ಮೂರ ಶಾಲೆಯಲ್ಲಿ ಹೇಳಿಸುತ್ತಿದ್ದ ಹಾಗೆ ರಾಗವಾಗಿ ಎಲ್ಲರ ಕೈಲೂ ಒಟ್ಟಿಗೆ ಹೇಳಿಸಿದೆ, ಎರಡು ತಿಂಗಳಲ್ಲಿ ತಡವರಿಸದೆ ಓದತೊಡಗಿದರು. ಮೊದಲ ದಿನ ಅಕ್ಷರಕ್ಕೆ ಜೇನು ಹಚ್ಚಿ ಮಕ್ಕಳ ಕೈಲಿ ನೆಕ್ಕಿಸುವ ಹಳೆಯ ಪದ್ಧತಿಯೂ ಇದೆ, ಖಂಡಿತ ಮಾಡಿ. ಅಕ್ಕಿಯ ಮೇಲೆ ಓಂ ಬರೆಸಿಕೊಂಡು ಬೆಳೆದ ನಮಗೆ ಅದು ಹೊಸದೇನಲ್ಲ ಅಲ್ವಾ.

ಇನ್ನೊಂದು. ಪೂರಿಮ್ ಹಬ್ಬಕ್ಕೆ ಓದುವ ಎಸ್ತೇರಳ ಕಥೆಯ ಮೊದಲ ಸಾಲಿನಲ್ಲೇ ‘ಹೋದು’ ಅಂದರೆ ಭಾರತದ ಹೆಸರು ಬರುತ್ತದೆ, ರಾಜ ಆಳುತ್ತಿದ್ದುದು ಅಲ್ಲಿಂದ ಆಫ್ರಿಕಾದ ಕೂಷ್ ತನಕ 127 ಪ್ರಾಂತ್ಯ ಎಂದು. ಅದನ್ನು ಕೇಳಿದ ದಿನ ನನ್ನ ಮಗಳ ಮುಖ ನೋಡಬೇಕಿತ್ತು.

ಡಲ್ಲಾಸ್‌ನಿಂದ:
ಹದಿಹರೆಯದವರ ಬಗ್ಗೆ ಹೇಳುತ್ತೇನೆ, ನಾವು ಸೋತಿದ್ದೇ ಅಲ್ಲಿ. 13 ವರ್ಷಕ್ಕೆ ಹುಡುಗರಿಗೆ ಬಾರ್ ಮಿಟ್ಸ್ವಾ, ಅಂದರೆ ಧರ್ಮದ ಹೊಣೆ ಹೊರುವ ವಯಸ್ಸಿಗೆ ಬಂದ ಸಮಾರಂಭ, ಆಗುತ್ತದೆ, ಹುಡುಗಿಯರಿಗೆ ಬಾತ್ ಮಿಟ್ಸ್ವಾ 12ಕ್ಕೋ 13ಕ್ಕೋ. ಹುಡುಗ ನಮ್ಮ ಧರ್ಮಗ್ರಂಥ ತೋರಾ ಓದಿದ, ಊಟ ಆಯಿತು, ಮರುವಾರದಿಂದ ನಾಪತ್ತೆ. ಮನೆಯವರೂ ಓದು ಮುಗಿಯಿತು ಎಂದೇ ತಿಳಿಯುತ್ತಾರೆ. ನನ್ನ ಮಗನೂ ಹಾಗೇ ಬಿಟ್ಟ. ಈಗ ನಾವು 12 ತುಂಬುತ್ತಿದ್ದಂತೆ ಒಬ್ಬೊಬ್ಬರಿಗೂ ಸಣ್ಣ ಮಕ್ಕಳ ತರಗತಿಯಲ್ಲಿ ಕೆಲಸ ಕೊಡುತ್ತೇವೆ, ಮದ್ರಿಖ್ ಎನ್ನುತ್ತಾರೆ, ದಾರಿ ತೋರಿಸುವವನು ಅಂತ. ಸ್ವಲ್ಪ ದುಡ್ಡೂ ಕೊಡುತ್ತೇವೆ. ತನಗಾಗಿ ಕಾಯುವ ಪುಟ್ಟ ಮಕ್ಕಳಿದ್ದಾರೆ ಎಂದರೆ ಬರುತ್ತಾರೆ. ಸುಮ್ನೆ ಪಾಠ ಕೇಳಲು ಕರೆದರೆ ಯಾರೂ ಬರುವುದಿಲ್ಲ.

ಠಾಣೆಯಿಂದ (ಮುಂಬೈ ಪಕ್ಕದ ಊರು):
ನಾವು ಬೆನೆ ಇಸ್ರೇಲ್, ಕೊಂಕಣದ ಯಹೂದಿಗಳು. ಅಪ್ಪ ರೈಲ್ವೆಯಲ್ಲಿದ್ದರು, ನಾನು ಓದಿದ್ದು ಹುಬ್ಬಳ್ಳಿಯಲ್ಲಿ. ತಂಗೀ, ದೊಡ್ಡವರ ಪಾಠವನ್ನು ಕೊನೆಗೆ ಇಡಬೇಡ, ಅದೇ ಮೊದಲು ಶುರುವಾಗಲಿ. ಕೊಂಕಣದಲ್ಲಿ ನಮ್ಮ ಹಿರಿಯರು ಗಾಣದವರು, ಶನಿವಾರ ಗಾಣ ನಿಲ್ಲಿಸುತ್ತಿದ್ದುದಕ್ಕೆ ಊರವರು ‘ಶನಿವಾರ ತೇಲಿ’, ಶನಿವಾರದ ಗಾಣಿಗರು, ಎಂದು ಕರೆಯುತ್ತಿದ್ದರು. ಹೀಬ್ರೂ ಹೆಚ್ಚುಕಡಿಮೆ ಮರೆತೇಹೋಗಿತ್ತು. ಆದರೂ ದೇವರು ಒಬ್ಬನೇ ಎನ್ನುವ ಶೆಮಾ ಪ್ರಾರ್ಥನೆ ಉಳಿಯಿತು, ಶನಿವಾರದ ವಿಶ್ರಾಂತಿಯ ಶಬ್ಬಾತ್ ಉಳಿಯಿತು, ಯಾಕೆಂದರೆ ಮನೆಯಲ್ಲಿ ದೊಡ್ಡವರು ಮಾಡುತ್ತಿದ್ದರು. 1846ರಲ್ಲೇ ಮುಂಬೈಯಲ್ಲಿ ಪಾಸೋವರ್ ಹಬ್ಬದ ರಾತ್ರಿ ಓದುವ ಪುಸ್ತಕ ಹಗ್ಗಾದಾ ಮರಾಠಿ ಅರ್ಥದ ಜೊತೆ ಅಚ್ಚಾಯಿತು. ಅರ್ಥ ತಿಳಿಯದಿದ್ದರೆ ತಾಯಂದಿರು ಮಕ್ಕಳಿಗೆ ಏನು ಹೇಳಿಕೊಡುತ್ತಾರೆ?

ನಾನು ಮಾಡುವುದು ಇಷ್ಟೇ. ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಸೇರುತ್ತೇವೆ. ಅವಲಕ್ಕಿ, ಬೆಲ್ಲ, ತೆಂಗಿನತುರಿ ಕಲಸಿ, ಹಣ್ಣಿಟ್ಟು ಮಲಿದಾ ಮಾಡಿ, ಪ್ರವಾದಿ ಎಲಿಯಾಹುವನ್ನು ನೆನೆಯುತ್ತೇವೆ. ಆಮೇಲೆ ಇಬ್ಬಿಬ್ಬರಾಗಿ ಕೂತು ಆ ವಾರದ ತೋರಾ ಭಾಗದ ನಾಲ್ಕೈದು ಸಾಲು ಓದಿ ಚರ್ಚೆ ಮಾಡುತ್ತೇವೆ. ಭಾಷಣ ಇಟ್ಟಿದ್ದಾಗ ಬರುತ್ತಿದ್ದವರಿಗಿಂತ ಈಗ ಜಾಸ್ತಿ ಜನ ಬರುತ್ತಾರೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಶನಿವಾರ ಬೆಳಗ್ಗೆ ಪ್ರಾರ್ಥನೆಗೆ ಎಲ್ಲರೂ ಬಂದೇ ಬರುತ್ತಾರೆ, ಮಕ್ಕಳ ತರಗತಿಯನ್ನೂ ಅವತ್ತೇ ಇಟ್ಟು ಫೀಸು ತೆಗೆದುಕೊಳ್ಳಬಹುದಾ?

ಷಿಕಾಗೋದಿಂದ:
ಬೇಡ ಅಕ್ಕಾ. ಆಚರಣೆ ಇರುವ ಮನೆಯವರು ಶಬ್ಬಾತ್ ದಿನ ದುಡ್ಡು ಮುಟ್ಟುವುದಿಲ್ಲ, ಬರೆಯುವುದೂ ಇಲ್ಲ, ಬರೆಯದೆ ಅಕ್ಷರ ಕಲಿಸುವುದು ಕಷ್ಟ. ಶನಿವಾರ ಕಥೆ, ಹಾಡು ಸಾಕು. ಬರವಣಿಗೆ, ಫೀಸು ಎಲ್ಲಾ ಭಾನುವಾರ. ಫೀಸು ಲೆಕ್ಕ ಹಾಕುವಾಗ ಬಾಗಿಲ ಕಾವಲುಗಾರರ ಸಂಬಳ ಸೇರಿಸಿಕೊಳ್ಳಿ. 2018ರಲ್ಲಿ ಪಿಟ್ಸ್‌ಬರ್ಗ್ ಸಿನಗಾಗ್‌ನಲ್ಲಿ ಗುಂಡಿನ ದಾಳಿಯಾದ ಮೇಲೆ, ಕಾವಲು ಇದೆಯಾ ಎಂದು ಕೇಳಿಯೇ ನಮ್ಮಲ್ಲಿ ಮಕ್ಕಳನ್ನು ಕಳಿಸುವುದು.